ಗಂಗಾವತಿ ಸೂಪರ್ ಮಾರ್ಕೆಟ್‌ನಾಗ 36 ರೂಪಾಯಿ ಜಗಳ, ಮತ್ತ ವಾಲ್‌ಮಾರ್ಟ್ ಮನೆತನದ ಕತಿ

ನಮಸ್ಕಾರ್ರೀ ಎಲ್ಲಾರಿಗೂ. ಇದು ಗಂಗಾವತಿ, ಸಿಬಿಎಸ್ ಸರ್ಕಲ್. ಗಾಡಿ ಸಪ್ಪಳದಾಗ ನನ್ನ ಮಾತು ಒಂದೂ ಕೇಳವಲ್ದು, ಅದಕ್ಕ ಮನಿಗೆ ಬಂದು ದನಿ ಕೊಡಾಕತ್ತೀನಿ. ಕ್ಯಾಮೆರಾ ನಮ್ಮ ತಮ್ಮನ ಕೈಯಾಗೈತಿ. ಅವ್ವ ತಿಂಗಳ ಸಂತಿ ಚೀಟಿ ಬರದು ಕೊಟ್ಟಾಳ, ಸಂತಿ ಮಾಡ್ಕೋತ ನಿಮ್ಗ ಇವತ್ತ ವಾಲ್‌ಮಾರ್ಟ್ ಅನ್ನೂ ದೊಡ್ಡ ಅಂಗಡಿ ಕಂಪನಿ ಕತಿ ಹೇಳ್ತೀನಿ.

ಅಮೆರಿಕದ ಕಂಪನಿ ಕತಿ ಗಂಗಾವತ್ಯಾಗ ಯಾಕ ಅಂತೀರಿ? ಅದು ನ್ಯೂಯಾರ್ಕ್‌ನಾಗ ಹುಟ್ಟಿದ್ದಲ್ರೀ. ಅರ್ಕಾನ್ಸಾ ಅಂತ ಒಂದು ರಾಜ್ಯ, ಅದ್ರಾಗ ಬೆಂಟನ್‌ವಿಲ್ ಅಂತ ಊರು. 1950ರಾಗ ಅಲ್ಲಿ ಇದ್ದದ್ದು ಸುಮಾರು 3 ಸಾವಿರ ಮಂದಿ. ನಮ್ಮ ಕಡೆ ಅದಕ್ಕ ಹಳ್ಳಿ ಅಂತಾರ. ಇವತ್ತಿಗೂ ಆ ಕಂಪನಿ ಹೆಡ್ ಆಫೀಸು ಅದ ಊರಾಗ ಐತಿ. ನನಗ ಈ ಕತಿಯೊಳಗ ಭಾಳ ಹಿಡಿಸಿದ್ದು ಇದ.

ಒಳಗ ಬಂದ್ವಿ. ಟ್ರಾಲಿ, ಏಸಿ, ಹಾಡು, ಎಲ್ಲಾ ನಿಮ್ಗ ಕಾಣ್ತೈತಿ. ನಾ ಕತಿ ಶುರು ಮಾಡ್ತೀನಿ.

ವಾಲ್‌ಮಾರ್ಟ್ ಕಟ್ಟಿದವ ಸ್ಯಾಮ್ ವಾಲ್ಟನ್, 1918ರಾಗ ಹುಟ್ಟಿದವ. ದೊಡ್ಡ ಯುದ್ಧ ಮುಗಿಸಿ ಮಿಲಿಟರಿಯಿಂದ ಬಂದು 1945ರಾಗ ನ್ಯೂಪೋರ್ಟ್ ಅನ್ನೂ ಊರಾಗ ಒಂದು ಅಂಗಡಿ ಹಿಡದ. ಬೆನ್ ಫ್ರಾಂಕ್ಲಿನ್ ಅನ್ನೂ ಕಂಪನಿ ಫ್ರಾಂಚೈಸಿ ಅದು, ಅಂದ್ರ ಬೋರ್ಡಿನ ಹೆಸರು ಆ ಕಂಪನಿದು, ಅಂಗಡಿ ನಡಸೂದು ಇವ. ಕೈಯಾಗಿನ ರೊಕ್ಕ 5 ಸಾವಿರ ಡಾಲರ್, ಮಾವ ಸಾಲ ಕೊಟ್ಟಿದ್ದು 20 ಸಾವಿರ. ಮಾವ ಅಂದ್ರ ಹೆಂಡ್ತಿ ಹೆಲೆನ್ ಅವ್ರ ಅಪ್ಪ, ಬ್ಯಾಂಕು ವ್ಯವಹಾರ ಇದ್ದ ಮನಷ್ಯಾ. ಹೆಲೆನ್ ಅವ್ರು ಮೊದ್ಲ ಒಂದು ಮಾತು ಹೇಳಿಬಿಟ್ಟಿದ್ರು, 10 ಸಾವಿರ ಮಂದಿಗಿಂತ ದೊಡ್ಡ ಊರಿಗೆ ನಾ ಬರೂದಿಲ್ಲ ಅಂತ. ಮುಂದ ಇಡೀ ಕಂಪನಿ ನಡದ ದಾರಿ ಆ ಮಾತಿನ ಮ್ಯಾಲ ಐತಿ ಅಂತೀನಿ ನಾನು. ಗಂಡನ ಹೆಸರು ಬೋರ್ಡಿನ ಮ್ಯಾಲೆ ಬಂತು, ಊರು ಆರಿಸಿದಾಕಿ ಹೆಸರು ಯಾರಿಗೂ ಗೊತ್ತಿಲ್ಲ.

ಆ ಅಂಗಡ್ಯಾಗ ಅವ ಕಲ್ತ ಲೆಕ್ಕ ಕೇಳ್ರಿ. ಹೆಣ್ಣಮಕ್ಕಳ ಒಳಉಡುಪು, ಫ್ರಾಂಚೈಸಿಯವ್ರು ಡಜನ್‌ಗೆ ಎರಡೂವರಿ ಡಾಲರ್‌ಗೆ ಕೊಡ್ತಿದ್ರು. ಇವ ಹೊರಗ ಬ್ಯಾರೆ ಏಜೆಂಟನ್ನ ಹುಡುಕಿ 2 ಡಾಲರ್‌ಗೆ ತಂದ. ಊರಾಗಿನ ರೇಟು ಡಾಲರ್‌ಗೆ 3. ಇವ ಡಾಲರ್‌ಗೆ 4 ಕೊಟ್ಟ. ಡಜನ್‌ಗೆ ಉಳಿಯೂದು 1 ಡಾಲರ್ ಅಷ್ಟ. ಮೊದ್ಲಿನ ರೇಟಿಗೆ ಮಾರಿದ್ರ 2 ಉಳೀತಿತ್ತು. ಆದ್ರ ಮಾಲು ಎಷ್ಟು ಜೋರಾಗಿ ಹೋತು ಅಂದ್ರ, ಕಡಿಮಿ ಲಾಭದಾಗ ಹೆಚ್ಚು ರೊಕ್ಕ ಬಂತು. ವಾಲ್‌ಮಾರ್ಟ್‌ದು ಇಷ್ಟ ಗುಟ್ಟು. ಮುಂದಿಂದೆಲ್ಲಾ ಇದ ಲೆಕ್ಕಾನ ದೊಡ್ಡದು ಮಾಡಿದ್ದು.

ಐದು ವರ್ಷಕ್ಕ ವರ್ಷದ ವ್ಯಾಪಾರ 72 ಸಾವಿರದಿಂದ ಎರಡೂವರಿ ಲಕ್ಷ ಡಾಲರ್‌ಗೆ ಏರ್ತು. ಅಷ್ಟರಾಗ ಬಾಡಿಗಿ ಕರಾರು ಮುಗೀತು. ಕರಾರಿನ್ಯಾಗ ನವೀಕರಣದ ಮಾತ ಇರಲಿಲ್ಲ. ಮಾಲಕ ತನ್ನ ಮಗನಿಗೆ ಅಂಗಡಿ ಬೇಕು ಅಂದ, ಖಾಲಿ ಮಾಡಿಸಿದ. ನಡ್ಯೂ ಅಂಗಡೀನ ಬಿಟ್ಟು ಹೋಗಬೇಕಾತು. ನಮ್ಮ ಗಾಂಧಿ ಸರ್ಕಲ್ ಕಡೆ ಎಷ್ಟು ಅಂಗಡಿಯವ್ರು 11 ತಿಂಗಳ ಅಗ್ರಿಮೆಂಟ್ ಮ್ಯಾಲ ಕುಂತಾರ ಹೇಳ್ರಿ. ವರ್ಷ ದಾಟಿದ್ರ ನೋಂದಣಿ ಮಾಡಿಸಬೇಕಾಕ್ಕೈತಿ, ಅದಕ್ಕ 11 ತಿಂಗಳು. ಐದು ಲಕ್ಷ ಫರ್ನಿಚರ್‌ಗೆ ಹಾಕಿ, 11 ತಿಂಗಳ ಕಾಗದ ನಂಬಿ ಕುಂದ್ರೂದು! ವ್ಯಾಪಾರ ಮಾಡೂ ಹುಡುಗ್ರು ಯಾರರ ನೋಡಾಕತ್ತಿದ್ರ, ದಯವಿಟ್ಟು ಬಾಡಿಗಿ ಕಾಗದ ವಕೀಲರಿಗೆ ತೋರಿಸ್ರಿ. ವಾಲ್ಟನ್ ಮುಂದ ಬೆಂಟನ್‌ವಿಲ್‌ಗೆ ಹೋದಾಗ ಮಾಡಿಸಿದ ಕರಾರು 99 ವರ್ಷದ್ದು.

ಇಲ್ಲಿ ನಿಲ್ರಿ, ಈ ಶಾಟ್ ನೋಡ್ರಿ. ತೊಗರಿಬ್ಯಾಳಿ. ಲೇಬಲ್ ಓದ್ರಿ, ತಮ್ಮ ಜೂಮ್ ಮಾಡ್ಯಾನ. ಕೆ.ಜಿ.ಗೆ 128 ರೂಪಾಯಿ, ಮ್ಯಾಲೆ ಕೆಂಪು ಅಕ್ಷರದಾಗ ಆಫರ್. ನಾ 2 ಕೆ.ಜಿ. ಹಾಕ್ಕೊಂಡೆ. ಬಿಲ್ಲಿಂಗ್‌ನಾಗ ಆ ಹುಡುಗಿ ಸ್ಕ್ಯಾನ್ ಮಾಡಿದ್ರ ಬಂದದ್ದು 146. ಎರಡಕ್ಕ 292. ಲೇಬಲ್ ಪ್ರಕಾರ 256 ಆಗಬೇಕು. 36 ರೂಪಾಯಿ ಹೆಚ್ಚು.

36 ರೂಪಾಯಿಗೆ ಯಾಕ ಇಷ್ಟು ಅಂತೀರಲ್ಲ? ಹೇಳ್ತೀನಿ ಕೇಳ್ರಿ. ಆ ಹುಡುಗೀನ ಕೇಳಿದೆ, ಆಕಿ ಸೂಪರ್‌ವೈಸರ್ ಕಡೆ ಕೈ ತೋರ್ಸಿದ್ಲು. ಸೂಪರ್‌ವೈಸರ್ ಫೋನಿನ್ಯಾಗ. ನನ್ನ ಹಿಂದ ಒಬ್ಬ ಅಜ್ಜಿ, ಕೈಯಾಗ ಒಂದ ಬಿಸ್ಕಿಟ್ ಪ್ಯಾಕೆಟ್ಟು, ನಿಂತ ನಿಂತ ಕಾಲು ಬದಲಿ ಮಾಡಾಕತ್ತಾರ. ನಾ ಅಜ್ಜೀನ ಮುಂದ ಬಿಟ್ಟೆ. ಸೂಪರ್‌ವೈಸರ್ ಬಂದು, ಅಣ್ಣಾ, ಆಫರ್ ನಿನ್ನೆಗೆ ಮುಗೀತು, ಲೇಬಲ್ ತೆಗ್ಯೂದು ಉಳಿದೈತಿ ಅಂದ. ತೆಗೀಲಿಲ್ಲ ಅಂದ್ರ ಆ ರೇಟಿಗೆ ಕೊಡಬೇಕಲ್ಲಪ್ಪ ಅಂದೆ. ಸಿಸ್ಟಮ್‌ನಾಗ ಬರೂದಿಲ್ಲಣ್ಣಾ ಅಂದ. ಪ್ಯಾಕೆಟ್ ಮ್ಯಾಲೆ ಎಂಆರ್‌ಪಿ 160 ಐತಿ ನೋಡ್ರಿ, ಅದಕ್ಕಿಂತ ಕಡಿಮೀನ ಹಾಕೀವಿ ಅಂದ. ಅದು ಖರೇನ. ಆದ್ರ ನಾ ಬ್ಯಾಳಿ ಟ್ರಾಲಿಯೊಳಗ ಇಟ್ಟದ್ದು 128 ನೋಡಿ. ಆ ಅಜ್ಜಿಯಂಥವ್ರು, ಅಕ್ಷರ ಓದಾಕ ಬರದವ್ರು, ಬಿಲ್ ನೋಡ್ತಾರೇನ್ರೀ? ದಿನಾ ಎಷ್ಟು ಮಂದಿಯಿಂದ ಹಿಂಗ ಹತ್ತು, ಇಪ್ಪತ್ತು ಹೋಗ್ತಿರಬೇಕು? ಕಡೀಕ ಏನು ಮಾಡಿದ್ರು ಅಂದ್ರ, 36 ರೂಪಾಯಿ ಕೂಪನ್ ಬರದು ಕೊಟ್ರು. ಮುಂದಿನ ಸಲ ಬಂದಾಗ, ಅದೂ 500ರ ಮ್ಯಾಲೆ ಸಂತಿ ಮಾಡಿದ್ರ ನಡೀತೈತಂತ. ನನಗ ಕೂಪನ್ ಬ್ಯಾಡ, ಬ್ಯಾಳೀನೂ ಬ್ಯಾಡ ಅಂತ ಎರಡೂ ಪ್ಯಾಕೆಟ್ ಅಲ್ಲೇ ಇಟ್ಟು ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ.

ಈ ಸಿಟ್ಟಿಗೂ ಕತಿಗೂ ಸಂಬಂಧ ಐತಿ. ವಾಲ್‌ಮಾರ್ಟ್ ಹೆಸರು ಮಾಡಿದ್ದ ಆಫರ್ ಇಲ್ಲದ ದರಕ್ಕ. ಇವತ್ತ ಇಳಿಸಿ ನಾಳೆ ಏರಿಸೂದಲ್ಲ, ದಿನಾ ಅದ ಕಡಿಮಿ ರೇಟು. ಗಿರಾಕಿ ಲೇಬಲ್ ನಂಬಬೇಕು, ಬ್ಯಾರೆ ಅಂಗಡಿ ತಿರುಗೂ ಕೆಲಸ ಇರಬಾರ್ದು. ಕಡಿಮಿ ರೇಟು ಯಾರು ಬೇಕಾದ್ರೂ ಒಂದ ವಾರ ಕೊಡ್ತಾರ, 52 ವಾರ ಕೊಡಬೇಕಂದ್ರ ಹಿಂದ ದೊಡ್ಡ ವ್ಯವಸ್ಥಾ ಬೇಕು.

ಆ ವ್ಯವಸ್ಥಾ ಹೆಂಗಿತ್ತು ಹೇಳ್ತೀನಿ. ಮೊದಲನೇ ವಾಲ್‌ಮಾರ್ಟ್ ತೆಗೆದದ್ದು 1962 ಜುಲೈ 2ಕ್ಕ, ರೋಜರ್ಸ್ ಅನ್ನೂ ಊರಾಗ, ಬೆಂಟನ್‌ವಿಲ್ ಪಕ್ಕಕ್ಕ. ಅವಂಗ ಆಗ 44 ವರ್ಷ. ಅದ ವರ್ಷ ಕೆಮಾರ್ಟ್, ಟಾರ್ಗೆಟ್ ಅನ್ನೂ ಇಂಥಾವ ಅಂಗಡಿ ಎರಡೂ ಶುರು ಆದ್ವು, ಅವು ದೊಡ್ಡ ದೊಡ್ಡ ಊರಿಗೆ ಹೋದ್ವು. ಇವ ಸಣ್ಣ ವಿಮಾನ ತಗೊಂಡು, ತಾನ ಹಾರಿಸ್ಕೋತ, ಮ್ಯಾಲಿಂದ ರಸ್ತೆ ಎತ್ತಾಗ ಹೋಗ್ತಾವ, ಊರು ಯಾವ ಕಡೆ ಬೆಳ್ಯಾಕತ್ತೈತಿ ನೋಡಿ ಜಾಗ ಆರಿಸ್ತಿದ್ದ. 1967ಕ್ಕ 24 ಅಂಗಡಿ. ಗೋದಾಮಿನಿಂದ ಲಾರಿ ಒಂದ ದಿನದಾಗ ಮುಟ್ಟೂ ಅಷ್ಟು ದೂರದಾಗ ಅಂಗಡಿ ತುಂಬಿಸ್ತಿದ್ದ, ಆಮ್ಯಾಲ ಇನ್ನೊಂದು ಗೋದಾಮು, ಅದರ ಸುತ್ತ ಮತ್ತ ಅಂಗಡಿ. ನಮ್ಮ ತುಂಗಭದ್ರಾ ಎಡದಂಡೆ ಕಾಲುವಿ ಕೆಳಭಾಗದ ರೈತ್ರಿಗೆ ಕೇಳ್ರಿ, ಮ್ಯಾಲಿನ ಗೇಟಿನಿಂದ ದೂರ ಇದ್ದವ್ರಿಗೆ ನೀರು ಮುಟ್ಟೂದ ಇಲ್ಲ. ಇವ ನೀರು ಮುಟ್ಟದ ಜಾಗದಾಗ ಬಿತ್ತಲೇ ಇಲ್ಲ. 1987ಕ್ಕ ಎಲ್ಲಾ ಅಂಗಡೀನೂ ಉಪಗ್ರಹದ ಮೂಲಕ ಹೆಡ್ ಆಫೀಸಿಗೆ ಜೋಡಿಸಿದ್ರು. ಯಾವ ಊರಾಗ ಯಾವ ಮಾಲು ಖಾಲಿ ಆಗ್ಯಾವ ಅನ್ನೂದು ಬೆಂಟನ್‌ವಿಲ್‌ನಾಗ ಗೊತ್ತಾಕ್ಕಿತ್ತು. ಇಲ್ಲಿ ನಮ್ಮ ಸೂಪರ್‌ವೈಸರ್‌ಗೆ ಲೇಬಲ್ ತೆಗ್ಯಾಕ ಆಗವಲ್ದು.

ಹೊರಗ ಬಂದ್ವಿ. ಬಿಸಲು ನೋಡ್ರಿ. ಕಬ್ಬಿನ ಹಾಲು ಕುಡ್ಯೂನು. ಐಸ್ ಬ್ಯಾಡಂದೀನಿ, ನಿಂಬಿ ಹೆಚ್ಚು.

ಈಗ ಮನೆತನದ ವಿಷಯ. ಇದು ಭಾಳ ಮಂದಿಗೆ ಗೊತ್ತಿಲ್ಲ. 1953ರಾಗ, ಅಂದ್ರ ಮೊದಲ ವಾಲ್‌ಮಾರ್ಟ್ ತೆಗ್ಯೂಕ್ಕಿಂತ 9 ವರ್ಷ ಮೊದ್ಲ, ಗಂಡ ಹೆಂಡ್ತಿ ಕೂಡಿ ಮನೆತನದ ಪಾಲುದಾರಿಕೆ ಒಂದು ಮಾಡಿದ್ರು. ನಾಲ್ಕು ಮಕ್ಳು ಇನ್ನೂ ಸಣ್ಣವು. ಒಬ್ಬೊಬ್ರಿಗೆ 20 ಶೇಕಡಾ, ತಂದಿ ತಾಯಿಗೆ ತಲಾ 10. ಆಸ್ತಿ ಇನ್ನೂ ಬೆಳೀದಿದ್ದಾಗ ಕೊಟ್ರು, ಅದಕ್ಕ ಮುಂದ ಬೆಳೆದ ಮ್ಯಾಲೆ ವಾರಸಾ ತೆರಿಗಿ ಹೊಡ್ತ ಬೀಳಲಿಲ್ಲ. ಪಾಲು ಅಂತ ಹೆಸರಿಗೆ ಐತಿ, ಆದ್ರ ಶೇರು ಎಲ್ಲಾ ಒಂದ ಗಂಟು. 1970ರಾಗ ಕಂಪನಿ ಶೇರು ಮಾರುಕಟ್ಟಿಗೆ ಬಂತು, ಒಂದಕ್ಕ 16 ಡಾಲರ್ 50 ಸೆಂಟ್. ಹೊರಗಿನ ಮಂದಿ ರೊಕ್ಕ ಬಂತು, ಸಾಲ ತೀರ್ತು, ಗಂಟು ಬಿಚ್ಚಲಿಲ್ಲ. ಇವತ್ತಿಗೂ ಕಂಪನಿಯ ಸುಮಾರು 45 ಶೇಕಡಾ ಆ ಮನೆತನದ ಕೈಯಾಗೈತಿ.

ನಮ್ಮ ಕಡೆ ರೈಸ್ ಮಿಲ್ಲಿನ ಮನೆತನಗಳು ನೆನಪಾಕ್ಕಾವ. ಅಪ್ಪ ಕಟ್ಟಿದ ಮಿಲ್ಲು, ಅಣ್ಣತಮ್ಮಂದ್ರು ಪಾಲಾದ್ರ ಒಬ್ಬಂಗ ಬಾಯ್ಲರ್, ಒಬ್ಬಂಗ ಗೋದಾಮು, ನಡಕ ಗೋಡಿ. ಎರಡೂ ನಡ್ಯೂದಿಲ್ಲ. ವಾಲ್ಟನ್ ಮನ್ಯಾಗ ಇನ್ನೊಂದು ಛಲೋ ಕೆಲಸ ಮಾಡಿದ್ರು. ದಿನದ ಆಡಳಿತ ಹೊರಗಿನವ್ರಿಗೆ ಕೊಟ್ರು. 1988ರಾಗ ಡೇವಿಡ್ ಗ್ಲಾಸ್ ಅನ್ನವ್ರು ಸಿಇಒ ಆದ್ರು, ಅವ್ರು ಮನೆತನದವ್ರಲ್ಲ. ಮಂಡಳಿ ಅಧ್ಯಕ್ಷಗಿರಿ ಮಾತ್ರ ಮನ್ಯಾಗ ಇಟ್ಕೊಂಡ್ರು. ಸ್ಯಾಮ್ 1992ರಾಗ ತೀರಿಕೊಂಡ ಮ್ಯಾಲೆ ಹಿರಿಮಗ ರಾಬ್, 2015ರಿಂದ ರಾಬ್ ಅವ್ರ ಅಳಿಯ ಗ್ರೆಗ್ ಪೆನ್ನರ್. ಮಾವನ ಸಾಲದಿಂದ ಶುರುವಾದ ಕಂಪನಿ ಅಳಿಯನ ಕೈಗೆ ಬಂತು.

ಭಾಳ ಹೊಗಳಿದೆ ಅನ್ನಿಸ್ತು, ಈಗ ಬ್ಯಾರೆ ಮಾತು. ಐಯೋವಾದ ವಿಶ್ವವಿದ್ಯಾಲಯದಾಗ ಕೆನ್ನೆತ್ ಸ್ಟೋನ್ ಅಂತ ಅರ್ಥಶಾಸ್ತ್ರಜ್ಞರು, ವಾಲ್‌ಮಾರ್ಟ್ ಬಂದ ಮ್ಯಾಲೆ ಸಣ್ಣ ಊರಿನ ವ್ಯಾಪಾರ ಏನಾತು ಅಂತ ವರ್ಷಗಟ್ಟಲೆ ಲೆಕ್ಕ ತೆಗೆದ್ರು. ಗೊತ್ತಾಗಿದ್ದೇನಂದ್ರ, ಅಂಗಡಿ ಬಂದ ಊರಿಗೆ ಸುತ್ತಲ ಮಂದಿ ಬರ್ತಾರ, ಅಲ್ಲಿನ ಹೋಟೆಲ್ಲಿಗೆ ಲಾಭ, ಅದ ಸಾಮಾನು ಮಾರೂ ಅಂಗಡಿಗೆ ಪೆಟ್ಟು. ಸುತ್ತಲಿನ ಸಣ್ಣ ಊರಿಗಂತೂ ಬರೇ ಪೆಟ್ಟು. ಇದನ್ನ ಇಲ್ಲಿಗೆ ಹಚ್ಚಿ ನೋಡ್ರಿ. ಗಂಗಾವತ್ಯಾಗ ಸೂಪರ್ ಮಾರ್ಕೆಟ್ ಆದ್ರ ಗಂಗಾವತಿ ಹೆಂಗರ ಬದುಕ್ತೈತಿ. ಕನಕಗಿರಿ, ನವಲಿ ಕಡೆಯವ್ರು ಬಸ್ಸು ಹತ್ತಿ ಇಲ್ಲಿಗೆ ಸಂತಿಗೆ ಬಂದ್ರ ಅಲ್ಲಿನ ಕಿರಾಣಿ ಅಂಗಡಿ ಗತಿ ಏನು? ನಾವೆಲ್ಲಾ ಗಂಗಾವತಿ ಅಂಗಡಿಯವ್ರ ಚಿಂತಿ ಮಾಡ್ತೀವಿ, ಆ ಊರುಗಳದ್ದು ಯಾರೂ ಮಾಡೂದಿಲ್ಲ.

ಕೆಲಸಗಾರ್ರ ವಿಷಯದಾಗಂತೂ ನನಗ ವಾಲ್‌ಮಾರ್ಟ್‌ನವ್ರ ಮ್ಯಾಲೆ ಗೌರವ ಇಲ್ಲ. ಕೆನಡಾದ ಜೋಂಕಿಯೇರ್‌ನಾಗ 2004ರಾಗ ಕೆಲಸಗಾರ್ರು ಯೂನಿಯನ್ ಕಟ್ಟಿದ್ರು, 2005ಕ್ಕ ಆ ಅಂಗಡೀನ ಮುಚ್ಚಿಬಿಟ್ರು. 2014ರಾಗ ಕೆನಡಾದ ಸುಪ್ರೀಂ ಕೋರ್ಟು ಕೆಲಸಗಾರ್ರ ಪರ ತೀರ್ಪು ಕೊಡ್ತು. ಒಂಬತ್ತು ವರ್ಷ! ದಿನಗೂಲಿ ಮಂದಿ ಒಂಬತ್ತು ವರ್ಷ ಏನು ತಿನ್ನಬೇಕು? ಕಡಿಮಿ ರೇಟಿನ ಒಂದು ಪಾಲು ಬರೂದು ಲಾರಿ, ಉಪಗ್ರಹದಿಂದ, ಇನ್ನೊಂದು ಪಾಲು ಕೌಂಟರಿನ್ಯಾಗ ನಿಂತವ್ರ ಪಗಾರಿನಿಂದ. ಆ ಬಿಲ್ಲಿಂಗ್ ಹುಡುಗೀಗೆ ನಾ ದನಿ ಏರಿಸಲಿಲ್ಲ, ಲೇಬಲ್ ಆಕಿ ಬರೆದದ್ದಲ್ಲ.

ಹೊರದೇಶದ್ದು ಬೇಗ ಹೇಳಿಬಿಡ್ತೀನಿ, ತಮ್ಮ ಗಾಡಿ ತಿರುಗಿಸ್ಯಾನ. 1991 ಮೆಕ್ಸಿಕೊ, 1994 ಕೆನಡಾ, 1999 ಬ್ರಿಟನ್. ಜರ್ಮನಿಗೆ 1997ರಾಗ ಹೋಗಿ 2006ರಾಗ ವಾಪಸ್ ಬಂದ್ರು. ಅಲ್ಲಿ ಆಲ್ಡಿ ಅನ್ನೂ ಕಡಿಮಿ ರೇಟಿನ ಅಂಗಡಿ ಕಂಪನಿ ಮೊದ್ಲ ಇತ್ತು. ಅದೂ ಒಂದು ಮನೆತನ, 1913ರಾಗ ಎಸ್ಸೆನ್ ಊರಾಗ ತಾಯಿ ಶುರು ಮಾಡಿದ ಸಣ್ಣ ಅಂಗಡಿ, ಮಕ್ಳು ಬೆಳೆಸಿದ್ದು. ಕಡಿಮಿ ರೇಟಿನ ಆಟದಾಗ ಅಲ್ಲಿ ಅವ್ರ ಮುಂದ ಇವ್ರದು ನಡೀಲಿಲ್ಲ. ಈಗ ವಾಲ್‌ಮಾರ್ಟ್‌ನಾಗ ಜಗತ್ತಿನಾದ್ಯಂತ ಸುಮಾರು 21 ಲಕ್ಷ ಮಂದಿ ಕೆಲಸ ಮಾಡ್ತಾರ.

ಭಾರತಕ್ಕ 2007ರಾಗ ಏರ್‌ಟೆಲ್‌ನವ್ರ ಭಾರ್ತಿ ಕಂಪನಿ ಜೋಡಿ ಬಂದ್ರು, 2009ರಾಗ ಅಮೃತಸರದಾಗ ಸಗಟು ಅಂಗಡಿ, 2013ಕ್ಕ ಜೋಡಿ ಮುರೀತು. 2018ರಾಗ ಬೆಂಗಳೂರಿನ ಫ್ಲಿಪ್‌ಕಾರ್ಟ್‌ನ 77 ಶೇಕಡಾ 1,600 ಕೋಟಿ ಡಾಲರ್‌ಗೆ ತಗೊಂಡ್ರು.

ಇದು ನಮ್ಮ ಓಣಿ ಶೆಟ್ರ ಅಂಗಡಿ. ಬ್ಯಾಳಿ ಇಲ್ಲೇ ತಗೊಂಡೆ. ಕೆ.ಜಿ.ಗೆ 135, ಲೇಬಲ್ಲಿಲ್ಲ, ಬಾಯಿಲೆ ಹೇಳಿದ ರೇಟು, ಬಿಲ್ಲಿನ್ಯಾಗೂ ಅದ. ಅವ್ವನ ಉದ್ರಿ ಲೆಕ್ಕ ಈ ಪುಸ್ತಕದಾಗ ಐತಿ, ಸುಗ್ಗಿಗೆ ತೀರಿಸ್ತೀವಿ. ಭತ್ತ ಮಾರಿ ರೊಕ್ಕ ಬರೂತನಕ ಕಾಯೂ ಸೂಪರ್ ಮಾರ್ಕೆಟ್ ಯಾವುದೂ ಇಲ್ಲ. ಇವತ್ತಿನ ಬ್ಯಾಳಿದು ಮಾತ್ರ ಫೋನ್‌ಪೇ ಮಾಡಿದೆ, ಆ ಡಬ್ಬಿ ರೊಕ್ಕ ಬಂತು ಅಂತ ಕೂಗಿದ್ದು ಕೇಳಿದ್ರೆಲ್ಲಾ? ಫೋನ್‌ಪೇಯಾಗ ಹೆಚ್ಚಿನ ಪಾಲು ವಾಲ್‌ಮಾರ್ಟ್‌ದು. ಶೆಟ್ರಿಗೆ ಹೇಳಿದೆ, ಅವ್ರು ನಂಬಲಿಲ್ಲ. ಫೋನಿನ್ಯಾಗ ತೆಗೆದು ತೋರಿಸಿದೆ. ಓದಿ, ಹಂಗಾದ್ರ ನಗದ ಕೊಡ್ರಿ ತಮ್ಮಾ ಇನ್ನ ಮುಂದ ಅಂದ್ರು. ನಾ ಕೊಡ್ತೀನಿ ಅಂದೀನಿ. ಸಾಬೂನು, ಪೇಸ್ಟಿಗೆ ಸೂಪರ್ ಮಾರ್ಕೆಟ್ಟಿಗೆ ಹೋಗ್ತೀನಿ, ಅಲ್ಲಿ ಖರೇನ ಕಡಿಮಿ ಐತಿ. ಬ್ಯಾಳಿ, ಎಣ್ಣಿ, ಬೆಲ್ಲ ಮಾತ್ರ ಇಲ್ಲೇ.

ಬ್ಯಾಟರಿ ಮುಗೀತು ಅಂತಾನ ತಮ್ಮ. ಮುಂದಿನ ವಿಡಿಯೋ ಕಾರಟಗಿಯಿಂದ, ಅಕ್ಕಿ ರೇಟಿಂದು. ಬರ್ತೀನ್ರೀ.