ತೂಕದ ಚೀಟಿಯ ಹಿಂದೆ ಹಿಂದೆ

ಕೇಳುಗರೇ, ನಮಸ್ಕಾರ.

ಕೊಡಗಿನಲ್ಲಿ ಈಗ ಕಣದ ತುಂಬ ಕಾಫಿ. ಒಣಗಿದ ಚೆರಿ ಚೀಲ ಸೇರಿ ಗೋಡೌನ್‌ಗೆ ಹೋಗುವ ಹೊತ್ತು. ಕೆಲವು ವರ್ಷಗಳ ಹಿಂದೆ ನಾನೂ ಒಂದು ಕಡೆ ರೊಬಸ್ಟಾ ಚೆರಿ ಕೊಟ್ಟಿದ್ದೆ. ಯಾವ ಕಡೆ ಅಂತ ಕೇಳಬೇಡಿ. ದುಡ್ಡು ಬರಲು 19 ದಿನ ಹಿಡಿಯಿತು.

ಗೋಡೌನ್‌ನವರು "ನಮ್ಮ ಕೆಲಸ ಅವತ್ತೇ ಮುಗೀತಲ್ಲ ಅಣ್ಣ" ಎಂದರು. ಲೆಕ್ಕದವರು "ಚೀಟಿ ಬಂದ ದಿನವೇ ಬರೆದಿದ್ದೇವೆ" ಎಂದರು. ಇಬ್ಬರದೂ ನಿಜವೇ. ಹಾಗಾದರೆ 19 ದಿನ ಎಲ್ಲಿ ಹೋಯಿತು? ತೂಕದ ಚೀಟಿ ಪೇಟೆಗೆ ಹೋಗಬೇಕಾದರೆ ಶುಕ್ರವಾರದ ಜೀಪೇ ಬರಬೇಕು. ಅಲ್ಲಿ ನೋಡಿದರೆ ಔಟ್‌ಟರ್ನ್ ಬರೆದಿಲ್ಲ. ಅಂದರೆ ಸಿಪ್ಪೆ ತೆಗೆದರೆ ಎಷ್ಟು ಬೀಜ ಸಿಗುತ್ತದೆ ಎಂಬ ಲೆಕ್ಕವೇ ಖಾಲಿ. ಚೀಟಿ ವಾಪಸ್. ಮತ್ತೆ ಜೀಪು. ಆಮೇಲೆ ಸಾಹೇಬರ ಸಹಿ, ಅದು ಮಂಗಳವಾರ ಮಾತ್ರ.

ಕೆಲಸ ಮಾಡಿದ್ದು ಒಂದೆರಡು ಗಂಟೆ, ಉಳಿದದ್ದೆಲ್ಲ ಕಾಯುವುದು. ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವ ಈ ದಾರಿಯನ್ನು ನೋಡಿ, ಅಳೆದು, ಸರಿಮಾಡುತ್ತಾ ಇರುವುದಕ್ಕೆ ಬಿಸಿನೆಸ್ ಪ್ರೊಸೆಸ್ ಮ್ಯಾನೇಜ್‌ಮೆಂಟ್ ಎನ್ನುತ್ತಾರೆ. ಹೆಸರು ದೊಡ್ಡದು, ಅಷ್ಟೆ.

ಅಮೆರಿಕದ ಫೋರ್ಡ್ ಕಾರು ಕಂಪನಿಯ ಕಥೆಯನ್ನು ಮ್ಯಾನೇಜ್‌ಮೆಂಟ್ ಬಗ್ಗೆ ಬರೆಯುತ್ತಿದ್ದ ಮೈಕೆಲ್ ಹ್ಯಾಮರ್ 1990ರಲ್ಲಿ ಬರೆದರು. ಸಾಮಾನು ಕೊಟ್ಟವರಿಗೆ ದುಡ್ಡು ಕೊಡುವ ಅಲ್ಲಿನ ವಿಭಾಗದಲ್ಲಿ 500ಕ್ಕೂ ಜಾಸ್ತಿ ಜನ. ಕಂಪ್ಯೂಟರ್ ಹಾಕಿದರೆ 400ಕ್ಕೆ ಇಳಿಯುತ್ತದೆ ಎಂದು ಫೋರ್ಡ್‌ನವರ ಲೆಕ್ಕ. ಜಪಾನಿನ ಮಜ್ದಾ ಕಾರು ಕಂಪನಿಯಲ್ಲಿ ನೋಡಿದರೆ ಅದೇ ಕೆಲಸಕ್ಕೆ ಐದು ಜನ! ಮಜ್ದಾ ಚಿಕ್ಕ ಕಂಪನಿ, ಒಪ್ಪೋಣ. ಆದರೂ ಐದು? ಫೋರ್ಡ್‌ನವರು ಆರ್ಡರ್, ಸಾಮಾನು ಇಳಿದ ರಸೀದಿ, ಬಿಲ್ಲು ಈ ಮೂರನ್ನೂ ತಾಳೆ ನೋಡುತ್ತ ಕೂತಿದ್ದರು. ಕೊನೆಗೆ ಬಿಲ್ಲನ್ನೇ ಬಿಟ್ಟರು. ಸಾಮಾನು ಇಳಿಯುವ ಜಾಗದಲ್ಲೇ ಆರ್ಡರ್ ಜೊತೆ ನೋಡುವುದು, ಸರಿ ಇದ್ದರೆ ಚೆಕ್ಕು. ಮುಕ್ಕಾಲು ಪಾಲು ಜನ ಆ ಕೆಲಸಕ್ಕೆ ಬೇಕಾಗಲಿಲ್ಲ.

ನಮ್ಮಲ್ಲಿ ಎಡವುವುದು ಇಲ್ಲೇ. ಮೊದಲು ಸಾಫ್ಟ್‌ವೇರ್ ತರುತ್ತೇವೆ. ಜೀಪಿಗೆ ಕಾಯುತ್ತಿದ್ದ ಚೀಟಿ ಆಮೇಲೆ ಪಾಸ್‌ವರ್ಡ್‌ಗೆ ಕಾಯುತ್ತದೆ. ಅದಕ್ಕಿಂತ ಒಂದು ಚೀಟಿಯ ಹಿಂದೆಯೇ ನಡೆದು, ಪೆನ್ಸಿಲಿನಲ್ಲಿ ದಾರಿ ಬರೆಯಿರಿ. ಇದಕ್ಕೆಂದೇ ಬಿಪಿಎಂಎನ್ ಎಂಬ, ಕೆಲಸದ ದಾರಿಯನ್ನು ಚಿತ್ರವಾಗಿ ತೋರಿಸುವ ಗುರುತುಗಳಿವೆ, 2011ರಲ್ಲಿ ಅದರ ಎರಡನೇ ಆವೃತ್ತಿ ಬಂತು. ಗೆರೆ ಎಳೆದರೂ ಸಾಕು.

ಆದರೆ ಕೇಳುವುದು ಸಾಹೇಬರನ್ನಲ್ಲ, ತೂಕ ಹಾಕುವವರನ್ನು. ಔಟ್‌ಟರ್ನ್ ಯಾಕೆ ಬಿಟ್ಟುಹೋಗುತ್ತದೆ ಅಂತ ಅವರಿಗೇ ಗೊತ್ತು. ಅವರು ಸುಲಭಕ್ಕೆ ಹೇಳುವುದಿಲ್ಲ. "ಕೆಲಸ ಕಳೆಯಲಿಕ್ಕೆ ಬಂದ್ರಾ?" ಎಂಬ ಭಯ. ಫೋರ್ಡ್ ಕಥೆ ಕೇಳಿದ ಮೇಲೆ ಆ ಭಯ ಸುಮ್ನೆ ಅಲ್ಲ, ಅಲ್ವಾ? ಯಾರನ್ನೂ ತೆಗೆಯುವುದಿಲ್ಲ ಎಂದು ಮೊದಲೇ ಹೇಳಬೇಕು, ಹಾಗೇ ನಡೆಯಬೇಕು. ಚೀಟಿಯ ಪೂರ್ತಿ ದಾರಿಗೆ ಒಬ್ಬರು ಜವಾಬ್ದಾರಿ ಹೊರಬೇಕು, ಇಲ್ಲದಿದ್ದರೆ ಮತ್ತೆ "ನಮ್ಮ ಕೆಲಸ ಮುಗೀತು".

ಕಳೆದ ಸಲ ಅದೇ ಗೋಡೌನ್‌ಗೆ ಹೋದೆ. ಔಟ್‌ಟರ್ನ್ ಬರೆಯದೆ ಚೀಟಿಯನ್ನು ಹೊರಗೇ ಬಿಡಲಿಲ್ಲ. ತೂಕದವರೇ ಫೋಟೊ ತೆಗೆದು ಪೇಟೆಗೆ ಕಳಿಸಿದರು. ಆರನೇ ದಿನ ದುಡ್ಡು ಬಂತು.

ಸಹಿ ಮಾತ್ರ ಈಗಲೂ ಮಂಗಳವಾರವೇ.

ನಮಸ್ಕಾರ.