ಹದಿನೈದು ಫ್ರೇಮು, ಒಂದು ಗುಂಡಿ: ಅವಧಾನವನ್ನು ಕಂಪ್ಯೂಟರಿನಲ್ಲಿ ಅಳೆಯುವುದು

ಎಲ್ಲರಿಗೂ ನಮಸ್ಕಾರ.

ಅಷ್ಟಾವಧಾನ ನೋಡಿದವರಿಗೆ ಇವತ್ತಿನ ವಿಷಯ ಅರ್ಧ ಗೊತ್ತಿರುವಂಥದ್ದೇ. ಕೆಲವು ಅವಧಾನಗಳಲ್ಲಿ ಅವಧಾನಿ ಪದ್ಯ ಕಟ್ಟುತ್ತಿರುವಾಗಲೇ ಒಬ್ಬರು ಆಗಾಗ ಗಂಟೆ ಬಾರಿಸುತ್ತಾರೆ. ಎಷ್ಟು ಪೆಟ್ಟು ಬಿತ್ತೆಂದು ಕೊನೆಯಲ್ಲಿ ಲೆಕ್ಕ ಒಪ್ಪಿಸಬೇಕು. ಇನ್ನೊಂದು ಕಡೆ ಅಪ್ರಸ್ತುತ ಪ್ರಸಂಗದವರು ಸಂಬಂಧವೇ ಇಲ್ಲದ ಪ್ರಶ್ನೆ ಎಸೆಯುತ್ತಿರುತ್ತಾರೆ. ಯಾವಾಗ ಬಂದೀತೆಂದು ಗೊತ್ತಿಲ್ಲದ ಗಂಟೆಗೆ ಹೊತ್ತುಗಟ್ಟಲೆ ಕಿವಿ ತೆರೆದಿಡುವುದು ನಿರಂತರ ಅವಧಾನ. ಬೇಡದ್ದರ ನಡುವೆ ಬೇಕಾದ್ದರ ಎಳೆ ಕಡಿಯದಂತೆ ಹಿಡಿದಿರುವುದು ಆಯ್ಕೆಯ ಅವಧಾನ. ಇವೆರಡನ್ನೂ ಬಿಡಿಸಿ, ಒಂದೊಂದಕ್ಕೂ ಬೇರೆ ಪರೀಕ್ಷೆ ಕಟ್ಟಿ, ಮಿಲಿಸೆಕೆಂಡಿನ ಲೆಕ್ಕದಲ್ಲಿ ಅಳೆಯುವುದು ಪ್ರಯೋಗಾಲಯದ ಕೆಲಸ. ಆ ಅಂಕಿಯಲ್ಲಿ ಮನಸ್ಸಿನ ಪಾಲು ಎಷ್ಟು, ಪರದೆ, ಕೀಬೋರ್ಡು, ನಾವು ಕೊಟ್ಟ ಸೂಚನೆ ಇವುಗಳ ಪಾಲು ಎಷ್ಟು ಎಂಬುದೇ ಇವತ್ತಿನ ಮಾತು.

ಶುರುವಾದದ್ದು ಯುದ್ಧದಿಂದ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಯ ರೇಡಾರ್ ಸಿಬ್ಬಂದಿ ಗಂಟೆಗಟ್ಟಲೆ ಪರದೆ ನೋಡುತ್ತ ಕೂತು, ಕೊನೆಗೆ ಕಾಣಬೇಕಾದ ಚುಕ್ಕೆಯನ್ನೇ ಕಾಣದೆ ಹೋಗುತ್ತಿದ್ದರು. ಇದನ್ನು ಅಳೆಯಲು ಮನಶ್ಶಾಸ್ತ್ರಜ್ಞ ನಾರ್ಮನ್ ಮ್ಯಾಕ್‌ವರ್ತ್ ಒಂದು ಗಡಿಯಾರ ಮಾಡಿದರು. ಅಂಕಿಗಳಿಲ್ಲದ ಬಿಳಿ ಮುಖ, ಒಂದೇ ಕಪ್ಪು ಮುಳ್ಳು, ಸೆಕೆಂಡಿಗೊಂದು ನೆಗೆತ. ಎಲ್ಲೋ ಒಮ್ಮೆ ಮುಳ್ಳು ಎರಡು ಮನೆ ನೆಗೆಯುತ್ತದೆ, ಆಗ ಗುಂಡಿ ಒತ್ತಬೇಕು. ಅರ್ಧ ಗಂಟೆಗೆ ಅಂಥವು ಹನ್ನೆರಡೇ, ಕೂರುವುದು ಎರಡು ಗಂಟೆ. ಮೊದಲ ಅರ್ಧ ಗಂಟೆ ಕಳೆಯುತ್ತಲೇ ತಪ್ಪುಗಳು ಏರುತ್ತವೆಂದು ಅವರು 1948ರಲ್ಲಿ ಪ್ರಕಟಿಸಿದರು. 1956ರಲ್ಲಿ ರಾಸ್ವಾಲ್ಡ್ ಮತ್ತು ಸಂಗಡಿಗರು ಮಿದುಳಿಗೆ ಪೆಟ್ಟಾದವರನ್ನು ಪರೀಕ್ಷಿಸಲು ಅಕ್ಷರಗಳ ಸಾಲು ತೋರಿಸುವ ಪರೀಕ್ಷೆ ತಂದರು. ಎಕ್ಸ್ ಕಂಡರೆ ಒತ್ತಿ, ಅಥವಾ 'ಎ' ಆದ ಮೇಲೆ ಬರುವ ಎಕ್ಸ್‌ಗೆ ಮಾತ್ರ ಒತ್ತಿ ಎಂಬುದು ಅದರ ನಿಯಮ. ಇಂದು ಚಿಕಿತ್ಸಾಲಯಗಳಲ್ಲಿ ಬಳಕೆಯಲ್ಲಿರುವ ಕಾನರ್ಸ್ ಪರೀಕ್ಷೆ ಅದನ್ನು ತಿರುಗಿಸಿತು: 360 ಅಕ್ಷರ, 14 ನಿಮಿಷ, ಎಕ್ಸ್ ಬಿಟ್ಟು ಎಲ್ಲಕ್ಕೂ ಒತ್ತಬೇಕು. ಒತ್ತುವುದು ಅಭ್ಯಾಸವಾಗಿಬಿಟ್ಟಿರುತ್ತದೆ. ತಡೆದುಕೊಳ್ಳುವಾಗ ಗಮನ ಎಚ್ಚರವಾಗಿತ್ತೇ ಎಂದು ಗೊತ್ತಾಗುತ್ತದೆ.

ಒಂದನ್ನು ಬಿಚ್ಚಿ ನೋಡೋಣ. ರಾಬರ್ಟ್‌ಸನ್, ಮ್ಯಾನ್ಲಿ ಮತ್ತು ಸಂಗಡಿಗರು 1997ರಲ್ಲಿ ಕೊಟ್ಟ ಪರೀಕ್ಷೆ, ಎಲ್ಲರೂ ಕರೆಯುವುದು ಸಾರ್ಟ್ ('ಸಸ್ಟೇನ್ಡ್ ಅಟೆನ್ಷನ್ ಟು ರೆಸ್ಪಾನ್ಸ್ ಟಾಸ್ಕ್'ನ ಮೊಟಕು ರೂಪ) ಎಂದು. 1ರಿಂದ 9ರವರೆಗಿನ ಅಂಕಿಗಳು, ಒಂದೊಂದೂ 25 ಸಲ, ಒಟ್ಟು 225 ಟ್ರಯಲ್, ಅಂದರೆ 225 ಸರದಿ. ಅಂಕಿ ಪರದೆಯ ಮೇಲೆ ಇರುವುದು 250 ಮಿಲಿಸೆಕೆಂಡು. ಅದರ ಮೇಲೆ ವೃತ್ತದೊಳಗೆ ಓರೆ ಗೆರೆಗಳ ಮುಸುಕು 900 ಮಿಲಿಸೆಕೆಂಡು. ಪ್ರತಿ ಅಂಕಿಗೂ ಒತ್ತಬೇಕು, 3ಕ್ಕೆ ಮಾತ್ರ ಒತ್ತಬಾರದು. ಅಂಕಿಯ ಗಾತ್ರ ಐದು ಬಗೆಯಲ್ಲಿ ಬದಲಾಗುತ್ತಿರುತ್ತದೆ. ಇಲ್ಲದಿದ್ದರೆ ಕೂತವರು ಅಂಕಿಯನ್ನು ಓದದೆ 3ರ ಯಾವುದೋ ಒಂದು ಮೂಲೆಯನ್ನಷ್ಟೇ ಹುಡುಕಲು ಕಲಿತುಬಿಡುತ್ತಾರೆ. ಮೊದಲು 18 ಟ್ರಯಲ್ ಅಭ್ಯಾಸ, ಅದರಲ್ಲಿ ಎರಡು 3.

ಈಗ ಲೆಕ್ಕ. 60 ಹರ್ಟ್ಸ್ ಪರದೆ ಸೆಕೆಂಡಿಗೆ 60 ಸಲ, ಅಂದರೆ 16.67 ಮಿಲಿಸೆಕೆಂಡಿಗೊಮ್ಮೆ ಹೊಸ ಚಿತ್ರ ಬಿಡಿಸುತ್ತದೆ; ಅಂಥ ಒಂದು ಚಿತ್ರವೇ ಒಂದು ಫ್ರೇಮು. ನಡುವೆ ಏನೂ ತೋರಿಸಲಾಗದು. 250 ಎಂದರೆ ಸರಿಯಾಗಿ 15 ಫ್ರೇಮು, 900 ಎಂದರೆ 54. ಪೂರ್ಣಾಂಕದಲ್ಲಿ ಕೂಡಿಕೊಳ್ಳುತ್ತದೆ, ತೊಂದರೆಯಿಲ್ಲ. ಅದೇ ಪ್ರೋಗ್ರಾಮನ್ನು 75 ಹರ್ಟ್ಸ್ ಪರದೆಯಲ್ಲಿ ಹಾಕಿದರೆ 250ಕ್ಕೆ ಹದಿನೆಂಟೂ ಮುಕ್ಕಾಲು ಫ್ರೇಮು, 900ಕ್ಕೆ ಅರುವತ್ತೇಳೂವರೆ. ಮುಕ್ಕಾಲು ಫ್ರೇಮು ಎಂಬುದು ಪರದೆಗೆ ಇಲ್ಲವಾದ್ದರಿಂದ ಅದು ಮೇಲಕ್ಕೋ ಕೆಳಕ್ಕೋ ಜಾರುತ್ತದೆ. ಇನ್ನೂ ಸಾಮಾನ್ಯವಾದ ತಪ್ಪು, ಫ್ರೇಮು ಎಣಿಸದೆ '250 ಮಿಲಿಸೆಕೆಂಡು ಕಾಯಿ' ಎಂದು ಬರೆಯುವುದು. ಕಾಯುವುದು ಮುಗಿಯುವಷ್ಟರಲ್ಲಿ ಒಂದು ಫ್ರೇಮು ಕೈತಪ್ಪಿ, 15ರ ಬದಲು 16 ಆಗುತ್ತದೆ. ಮುಸುಕಿನಲ್ಲೂ ಹಾಗೇ ಆದರೆ ಒಂದು ಟ್ರಯಲ್‌ಗೆ 33 ಮಿಲಿಸೆಕೆಂಡು ಹೆಚ್ಚು, 225ಕ್ಕೆ ಏಳೂವರೆ ಸೆಕೆಂಡು. ಪತ್ತೆ ಸುಲಭ: ಪರೀಕ್ಷೆ 258.75 ಸೆಕೆಂಡಿಗೆ ಮುಗಿಯಬೇಕು. 266 ಆಗಿದ್ದರೆ ಪ್ರೋಗ್ರಾಮು ತೆರೆಯಿರಿ. ಲ್ಯಾಪ್‌ಟಾಪ್ ಚಾರ್ಜರಿನಿಂದ ಬಿಚ್ಚಿದಾಗ ಬ್ಯಾಟರಿ ಉಳಿಸಲು ಪರದೆಯ ವೇಗವನ್ನು ತಾನೇ ಇಳಿಸುವುದೂ ಉಂಟು. ಪರೀಕ್ಷೆ ಮುಗಿಯುವವರೆಗೆ ಚಾರ್ಜರ್ ಚುಚ್ಚಿಯೇ ಇರಲಿ. ಪರದೆಯ ಮೂಲೆಯಲ್ಲೊಂದು ಬಿಳಿ ಚೌಕ ಬರುವಂತೆ ಮಾಡಿ, ಅದರ ಮೇಲೆ ಬೆಳಕು ಗುರುತಿಸುವ ಫೋಟೊಡಯೋಡ್ ಅಂಟಿಸಿ ಅಳೆದರೆ ಸಂಶಯವೇ ಉಳಿಯುವುದಿಲ್ಲ.

ಪರದೆಗಿಂತ ಹೆಚ್ಚು ಹಾಳು ಮಾಡುವುದು ದತ್ತಾಂಶ ಬರೆದುಕೊಳ್ಳುವ ಕ್ರಮ. ಒಂದು ಉದಾಹರಣೆ ಇಟ್ಟುಕೊಳ್ಳಿ. 88ನೇ ಟ್ರಯಲ್, ಅಂಕಿ 7, ಒತ್ತಿಲ್ಲ. 89ನೇ ಟ್ರಯಲ್, ಅಂಕಿ 3, 62 ಮಿಲಿಸೆಕೆಂಡಿಗೆ ಒತ್ತಿದ್ದಾರೆ. ಕಂಪ್ಯೂಟರ್ ಎರಡು ತಪ್ಪು ಬರೆಯುತ್ತದೆ: 7ಕ್ಕೆ ಒತ್ತದೆ ಬಿಟ್ಟ ತಪ್ಪು, 3ಕ್ಕೆ ತಡೆಯದೆ ಒತ್ತಿದ ತಪ್ಪು. ಆದರೆ 62 ಮಿಲಿಸೆಕೆಂಡಿನಲ್ಲಿ ಯಾರೂ ಅಂಕಿ ನೋಡಿ, ತೀರ್ಮಾನಿಸಿ, ಬೆರಳು ಇಳಿಸಲಾರರು. ಅದು 7ಕ್ಕೆ ತಡವಾಗಿ ಬಂದ ಉತ್ತರ, 1,212 ಮಿಲಿಸೆಕೆಂಡಿನದು. ನಡೆದದ್ದು ಒಂದು ನಿಧಾನ, ದಾಖಲಾದದ್ದು ಎರಡು ತಪ್ಪು. ವಯಸ್ಸಾದವರು, ಔಷಧಿ ತೆಗೆದುಕೊಳ್ಳುತ್ತಿರುವವರು ಕೂತಾಗ ಇಂಥವು ಸಾಲುಸಾಲಾಗಿ ಬರಬಹುದು. ಆಗ ನಿಧಾನಿಗಳನ್ನು ನಾವು ದುಡುಕುವವರೆಂದು ಕರೆದಂತಾಗುತ್ತದೆ. ಆದ್ದರಿಂದ ಪ್ರತಿ ಒತ್ತುವಿಕೆಯನ್ನೂ ಪರೀಕ್ಷೆಯ ಆರಂಭದಿಂದ ಎಣಿಸಿದ ಸಮಯದೊಂದಿಗೆ ಉಳಿಸಿ, ಬೆರಳು ಎತ್ತಿದ ಸಮಯವನ್ನೂ ಸೇರಿಸಿ. 100 ಮಿಲಿಸೆಕೆಂಡಿಗಿಂತ ಕಡಿಮೆ ಇರುವುದನ್ನೆಲ್ಲ ಹಿಂದಿನ ಟ್ರಯಲ್ ಜೊತೆ ಇಟ್ಟು ನೋಡಿ. ಯಾವುದನ್ನು ಯಾವುದಕ್ಕೆ ಸೇರಿಸಬೇಕೆಂಬ ನಿಯಮವನ್ನು ದತ್ತಾಂಶ ನೋಡುವ ಮೊದಲೇ ಬರೆದಿಡಿ.

ಸೂಚನೆಯ ಭಾಷೆಗೆ ಬರೋಣ. ಕನ್ನಡದಲ್ಲಿ ಪರೀಕ್ಷೆ ಮಾಡುವವರು ಇಲ್ಲಿ ಜಾಗ್ರತೆಯಾಗಿರಬೇಕು. '3 ಬಂದಾಗ ಬಿಡಿ' ಎಂದರೆ ನಮ್ಮ ಮನಸ್ಸಿನಲ್ಲಿರುವುದು 'ಅದನ್ನು ಬಿಟ್ಟುಬಿಡಿ' ಎಂದು. ಗುಂಡಿಯ ಮೇಲೆ ಬೆರಳಿಟ್ಟು ಕೂತವರಿಗೆ ಅದು 'ಗುಂಡಿ ಬಿಡಿ' ಎಂದು ಕೇಳಬಹುದು. ಅವರು ಗುಂಡಿಯನ್ನು ಅದುಮಿಯೇ ಹಿಡಿದು, 3 ಬಂದಾಗ ಬೆರಳೆತ್ತುತ್ತಾರೆ. ಅದುಮಿ ಹಿಡಿದ ಕೀ ತಾನಾಗಿ ಮತ್ತೆ ಮತ್ತೆ ಒತ್ತಿದಂತೆ ದಾಖಲಾಗುತ್ತದೆ, ಫೈಲಿನಲ್ಲಿ ಅರ್ಥವಿಲ್ಲದ ಸಮಯಗಳು ತುಂಬುತ್ತವೆ. 'ಅಂಕಿ ಕಂಡ ತಕ್ಷಣ ಒಮ್ಮೆ ಒತ್ತಿ ಬೆರಳು ಎತ್ತಿ. 3 ಕಂಡರೆ ಒತ್ತಬೇಡಿ' ಎನ್ನಿ. ಬೇಗ ಒತ್ತುವುದು, ತಪ್ಪದಿರುವುದು ಎರಡೂ ಸಮನಾಗಿ ಮುಖ್ಯವೆಂದು ಎಲ್ಲರಿಗೂ ಒಂದೇ ಮಾತಿನಲ್ಲಿ ಹೇಳಿ. 'ಬೇಗ ಬೇಗ ಒತ್ತಿ' ಎಂದು ಒಬ್ಬರಿಗೆ, 'ನೋಡಿ ಒತ್ತಿ' ಎಂದು ಇನ್ನೊಬ್ಬರಿಗೆ ಹೇಳಿದರೆ ಅಳತೆ ಅಲ್ಲಿಗೇ ಕೆಟ್ಟಿತು.

ಏಕೆಂದರೆ ಈ ಪರೀಕ್ಷೆಯಲ್ಲಿ ವೇಗಕ್ಕೂ ತಪ್ಪಿಗೂ ಬಿಡದ ನಂಟು. ಒಬ್ಬರ ಸರಾಸರಿ ಪ್ರತಿಕ್ರಿಯಾ ಕಾಲ 290 ಮಿಲಿಸೆಕೆಂಡು, 25ರಲ್ಲಿ 14 ತಪ್ಪು ಎಂದುಕೊಳ್ಳಿ. ಇನ್ನೊಬ್ಬರದು 420, ತಪ್ಪು ನಾಲ್ಕು. ಮೊದಲನೆಯವರ ಗಮನ ಕೆಟ್ಟದ್ದೆಂದು ಇಷ್ಟರಿಂದ ಹೇಳಲಾಗದು. ಅವರು ವೇಗ ಆರಿಸಿಕೊಂಡಿದ್ದಾರೆ, ಇವರು ಎಚ್ಚರಿಕೆ ಆರಿಸಿಕೊಂಡಿದ್ದಾರೆ. ತಪ್ಪಿನ ಸಂಖ್ಯೆಯನ್ನಷ್ಟೇ ಕೊಟ್ಟು ತೀರ್ಮಾನಕ್ಕೆ ಬರುವ ಪ್ರಬಂಧ ನನಗೆ ಅಪೂರ್ಣವೆಂದೇ ಅನ್ನಿಸುತ್ತದೆ. ನೋಡಬೇಕಾದ್ದು ಏರುಪೇರನ್ನು. ಸರಾಸರಿ 350, ಮಾನಕ ವಿಚಲನೆ (ಸಮಯಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 105 ಇದ್ದರೆ, 105ನ್ನು 350ರಿಂದ ಭಾಗಿಸಿದಾಗ ಸಿಗುವ ಏರುಪೇರಿನ ಅನುಪಾತ 0.30. ಗಮನ ಬಂದು ಹೋಗುತ್ತಿದ್ದರೆ ಅದು ಮೊದಲು ಇಲ್ಲಿ ಕಾಣುತ್ತದೆ. ತಪ್ಪಿಗೆ ಮುಂಚಿನ ನಾಲ್ಕು ಒತ್ತುವಿಕೆಗಳನ್ನು, ಸರಿಯಾಗಿ ತಡೆದದ್ದಕ್ಕೆ ಮುಂಚಿನ ನಾಲ್ಕರ ಜೊತೆ ಹೋಲಿಸಿ. ತಪ್ಪಿನ ಮುಂದೆ ಬೆರಳು ಯಾಂತ್ರಿಕವಾಗಿ ವೇಗ ಪಡೆದಿರುವುದು 1997ರ ಆ ಕೆಲಸದಲ್ಲೇ ಕಂಡುಬಂದಿತ್ತು. ನಿಮ್ಹಾನ್ಸ್‌ನ ನರಮನಶ್ಶಾಸ್ತ್ರೀಯ ಪರೀಕ್ಷೆಗಳಲ್ಲಿ ಹಾಳೆಯ ಮೇಲಿನ ಅಂಕಿಗಳ ನಡುವೆ 6 ಮತ್ತು 9ನ್ನು ಹೊಡೆದುಹಾಕುವ ಪರೀಕ್ಷೆಯಿದೆ. ಅಲ್ಲಿ ಸಿಗುವುದು ಒಟ್ಟು ಸಮಯ ಮತ್ತು ಒಟ್ಟು ತಪ್ಪು. ಕಂಪ್ಯೂಟರಿನಿಂದ ನಮಗಾಗುವ ನಿಜವಾದ ಲಾಭ, ನಡುವಿನ ಆ ನಾಲ್ಕು ಒತ್ತುವಿಕೆಗಳು.

ಆಯ್ಕೆಯ ಅವಧಾನಕ್ಕೆ ಹೆಚ್ಚು ಬಳಕೆಯಾಗುವುದು ಎರಿಕ್ಸನ್ ದಂಪತಿ 1974ರಲ್ಲಿ ಕೊಟ್ಟ ಫ್ಲ್ಯಾಂಕರ್ ಪರೀಕ್ಷೆ. ಅವರು ಬಳಸಿದ್ದು ಅಕ್ಷರ, ಈಗ ಸಾಮಾನ್ಯವಾಗಿ ಬಾಣ. ಸಾಲಿನಲ್ಲಿ ಐದು ಬಾಣ, ನಡುವಿನದು ಯಾವ ಕಡೆ ತೋರಿಸುತ್ತದೋ ಆ ಕಡೆಯ ಗುಂಡಿ ಒತ್ತಬೇಕು. ಪಕ್ಕದವು ಎದುರು ದಿಕ್ಕಿಗಿದ್ದರೆ ನಿಧಾನವಾಗುತ್ತದೆ. ಎದುರು ದಿಕ್ಕಿನ ಸರಾಸರಿಯಿಂದ ಒಂದೇ ದಿಕ್ಕಿನ ಸರಾಸರಿ ಕಳೆದರೆ ಅಡ್ಡಿಯ ಅಳತೆ ಸಿಗುತ್ತದೆ. ಬಾಣಗಳು ಹತ್ತಿರವಿದ್ದಷ್ಟೂ ಅಡ್ಡಿ ಹೆಚ್ಚು, ಹಾಗಾಗಿ ಕಣ್ಣಿಗೂ ಪರದೆಗೂ ಇರುವ ದೂರ ಮುಖ್ಯ. 57 ಸೆಂಟಿಮೀಟರ್ ದೂರದಲ್ಲಿ ಪರದೆಯ ಮೇಲಿನ ಒಂದು ಸೆಂಟಿಮೀಟರ್ ಕಣ್ಣಿಗೆ ಒಂದು ಡಿಗ್ರಿ. ಕೂತವರು ಮುಂದೆ ಬಾಗಿ 40ಕ್ಕೆ ಬಂದರೆ ಅದೇ 1.43 ಡಿಗ್ರಿ. ಗಲ್ಲ ಊರುವ ಸ್ಟ್ಯಾಂಡ್ ಇಲ್ಲದಿದ್ದರೆ 57 ಸೆಂಟಿಮೀಟರಿನ ದಾರವೊಂದನ್ನು ಪರದೆಗೆ ಕಟ್ಟಿಕೊಂಡು, ಪ್ರತಿ ವಿರಾಮದ ನಂತರ ಹಣೆಗೆ ಮುಟ್ಟಿಸಿ ನೋಡಿದರೂ ಸಾಕು.

ಈ ಕಳೆಯುವ ಲೆಕ್ಕಕ್ಕೆ ಒಂದು ಗುಣವಿದೆ, ಒಂದು ದೋಷವಿದೆ. ಸಾಮಾನ್ಯ ಯುಎಸ್‌ಬಿ ಕೀಬೋರ್ಡನ್ನು ಕಂಪ್ಯೂಟರ್ ಸೆಕೆಂಡಿಗೆ 125 ಸಲ, ಅಂದರೆ 8 ಮಿಲಿಸೆಕೆಂಡಿಗೊಮ್ಮೆ ಕೇಳುತ್ತದೆ. ಕೀಬೋರ್ಡಿನ ಒಳಗಿನ ವಿಳಂಬವೂ ಅದಕ್ಕೆ ಸೇರುತ್ತದೆ. ಆ ವಿಳಂಬ ಎರಡೂ ಬಗೆಯ ಟ್ರಯಲ್‌ಗಳಲ್ಲಿ ಒಂದೇ ಆದ್ದರಿಂದ ಕಳೆದಾಗ ಹೋಗಿಬಿಡುತ್ತದೆ. ಆದರೆ ರೋಗಿಗಳನ್ನು ಆಸ್ಪತ್ರೆಯ ಲ್ಯಾಪ್‌ಟಾಪಿನಲ್ಲಿ, ಆರೋಗ್ಯವಂತರನ್ನು ಕಾಲೇಜಿನ ಡೆಸ್ಕ್‌ಟಾಪಿನಲ್ಲಿ ಪರೀಕ್ಷಿಸಿ ಸರಾಸರಿ ವೇಗ ಹೋಲಿಸಿದರೆ, ಎರಡು ಕೀಬೋರ್ಡುಗಳ ವ್ಯತ್ಯಾಸವೇ ರೋಗದ ಲಕ್ಷಣವಾಗಿ ಅಚ್ಚಾಗುತ್ತದೆ. ಎರಡು ಗುಂಪಿಗೂ ಒಂದೇ ಯಂತ್ರ ಇರಲಿ. ವೈರ್‌ಲೆಸ್ ಕೀಬೋರ್ಡು ಬೇಡ. ಇನ್ನು ದೋಷ: ಫ್ಲ್ಯಾಂಕರ್ ಅಡ್ಡಿ ಹೆಚ್ಚುಕಡಿಮೆ ಎಲ್ಲರಲ್ಲೂ ಬರುತ್ತದೆ, ಒಬ್ಬರಿಂದೊಬ್ಬರಿಗೆ ವ್ಯತ್ಯಾಸ ಕಡಿಮೆ. ಗುಂಪಿನ ಮಟ್ಟದಲ್ಲಿ ಗಟ್ಟಿಯಾಗಿ ನಿಲ್ಲುವ ಪರೀಕ್ಷೆಯೇ ವ್ಯಕ್ತಿಗಳನ್ನು ಸಾಲಿನಲ್ಲಿ ನಿಲ್ಲಿಸಲು ಸೋಲುತ್ತದೆಂದು ಹೆಜ್, ಪೊವೆಲ್ ಮತ್ತು ಸಮ್ನರ್ 2018ರಲ್ಲಿ ತೋರಿಸಿದರು. ಬಗೆಗೆ ಇಪ್ಪತ್ತೋ ಮೂವತ್ತೋ ಟ್ರಯಲ್ ಮಾಡಿ 'ಈ ಹುಡುಗನ ಆಯ್ಕೆಯ ಅವಧಾನ ದುರ್ಬಲ' ಎಂದು ವರದಿ ಬರೆಯುವುದು ಆ ಹುಡುಗನಿಗೆ ಮಾಡುವ ಅನ್ಯಾಯ. 2002ರಲ್ಲಿ ಫ್ಯಾನ್, ಪೋಸ್ನರ್ ಮತ್ತಿತರರು ಬಾಣಗಳನ್ನೇ ಬಳಸಿ ಕಟ್ಟಿದ ಅವಧಾನ ಜಾಲದ ಪರೀಕ್ಷೆಯಲ್ಲಿ ಅಭ್ಯಾಸ ಬಿಟ್ಟು 288 ಟ್ರಯಲ್ ಇವೆ, ಮೂರು ಬಗೆಯ ಸಾಲುಗಳಲ್ಲಿ ಒಂದೊಂದಕ್ಕೆ 96.

ಬಣ್ಣದ ಹೆಸರನ್ನು ಬೇರೊಂದು ಬಣ್ಣದಲ್ಲಿ ಬರೆದು, ಪದ ಓದದೆ ಬರೆದ ಬಣ್ಣವನ್ನು ಹೇಳಿಸುವ ಸ್ಟ್ರೂಪ್ ಪರೀಕ್ಷೆಯನ್ನು ಕನ್ನಡಕ್ಕೆ ತರುವವರಿಗೆ ಬೇರೆಯೇ ತೊಡಕು. ಕೆಂಪು, ನೀಲಿ ಎರಡಕ್ಷರ; ಹಸಿರು, ಹಳದಿ ಮೂರಕ್ಷರ. ಬಾಯಲ್ಲಿ ಹೇಳಿಸಿ ಮೈಕಿನಿಂದ ಸಮಯ ಹಿಡಿಯುವುದಾದರೆ 'ಹ'ಕಾರ ಮೆತ್ತಗೆ ಶುರುವಾಗುವುದರಿಂದ ಮೈಕು ತಡವಾಗಿ ಎಚ್ಚರಗೊಳ್ಳುತ್ತದೆ. ಹಳೇ ಮೈಸೂರಿನ ಹಳ್ಳಿಗಳ ಕಡೆಯವರು 'ಅಸ್ರು', 'ಅಳ್ದಿ' ಎಂದರೆ ಸ್ವರವೇ ಮೊದಲು ಬರುವುದರಿಂದ ಬೇಗ ಹಿಡಿಯುತ್ತದೆ. ಊರಿನ ಉಚ್ಚಾರಣೆ ಅವಧಾನದ ಅಂಕಿಯಾಗಿ ಕೂತುಬಿಡುತ್ತದೆ. ಮಾತನ್ನು ಧ್ವನಿಮುದ್ರಿಸಿಕೊಂಡು, ಅಲೆಯ ಚಿತ್ರ ನೋಡಿ ಆರಂಭವನ್ನು ಕೈಯಲ್ಲಿ ಗುರುತಿಸಿ. ಅಥವಾ ಬಣ್ಣಕ್ಕೊಂದು ಗುಂಡಿ ಕೊಡಿ. ಕೆಲವು ತಂತ್ರಾಂಶಗಳಲ್ಲಿ ಒತ್ತಕ್ಷರ, ಗುಣಿತ ಒಡೆದು ಕಾಣುತ್ತವೆ. ಪದಗಳನ್ನು ಮೊದಲೇ ಚಿತ್ರದ ಫೈಲಾಗಿ ಮಾಡಿಟ್ಟು ತೋರಿಸಿದರೆ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ರೂಪ.

ಕರೆಂಟು ಹೋಗಿ ಯುಪಿಎಸ್ ಕೀಂಗುಟ್ಟಿದರೆ ಆ ಬ್ಲಾಕನ್ನು, ಅಂದರೆ ಟ್ರಯಲ್‌ಗಳ ಆ ಕಂತನ್ನು, ಲೆಕ್ಕದಿಂದ ಕೈಬಿಡಬೇಕು. ಮಂಕಾಗುತ್ತಿದ್ದ ಗಮನವನ್ನು ಆ ಸದ್ದು ಎಬ್ಬಿಸಿರುತ್ತದೆ. ಪರೀಕ್ಷೆ ಮುಗಿದ ಕೂಡಲೇ 'ಯಾವ ಅಂಕಿಗೆ ಒತ್ತಬಾರದಿತ್ತು?' ಎಂದು ಕೇಳಿ, ಉತ್ತರವನ್ನು ಬರೆದುಕೊಳ್ಳಿ. ನಿಯಮವನ್ನೇ ಮರೆತವರನ್ನು ಗಮನ ತಪ್ಪಿದವರ ಜೊತೆ ಸೇರಿಸಲಾಗದು. ದತ್ತಾಂಶದ ಜೊತೆಗೆ ಪರದೆಯ ಹರ್ಟ್ಸ್, ಕೀಬೋರ್ಡಿನ ಮಾದರಿ, ಕಣ್ಣಿನ ದೂರ, ದಿನದ ಹೊತ್ತು, ಹಿಂದಿನ ರಾತ್ರಿಯ ನಿದ್ದೆ ಇವೂ ಇರಲಿ. ಪ್ರಬಂಧ ಇಂಗ್ಲಿಷಿನಲ್ಲಿದ್ದರೂ ಸೂಚನೆಯನ್ನು ಅನುವಾದಿಸದೆ, ಕೂತವರಿಗೆ ಹೇಳಿದ ಕನ್ನಡದಲ್ಲಿಯೇ, ಅಕ್ಷರ ಬಿಡದೆ ಅನುಬಂಧಕ್ಕೆ ಹಾಕಿ.