ಜಗಲಿಯ ನೆನಪು, ಹಿತ್ತಲಿನ ನೆನಪು

ಎಲ್ಲರಿಗೂ ನಮಸ್ಕಾರ.

ನಮ್ಮ ಹಿರಿಯರ ಕಾಲದ ಮನೆ, ದಿನನಿತ್ಯದ ಬದುಕು, ಇದರ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಈ ವಿಷಯದಲ್ಲಿ ಒಂದು ಅಪಾಯ ಇದೆ. ಮೈಕು ಕೈಗೆ ಸಿಕ್ಕ ತಕ್ಷಣ ತುಂಬಿದ ಮನೆ, ಬೆಳದಿಂಗಳೂಟ, ಅಜ್ಜಿಯ ಕೈತುತ್ತು ಅಂತ ಶುರುವಾಗಿ, "ಆ ಕಾಲವೇ ಚೆನ್ನಾಗಿತ್ತು" ಅಂತ ಮುಗಿದುಹೋಗುತ್ತದೆ. ಚಪ್ಪಾಳೆಯೂ ಬೀಳುತ್ತದೆ. ಆ ಮಾತು ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಅದನ್ನು ಹೇಳುವವರು ಯಾರು ಅಂತ ಸ್ವಲ್ಪ ಗಮನಿಸಿ. ಹೆಚ್ಚಾಗಿ ಜಗಲಿಯಲ್ಲಿ ಕೂತಿದ್ದವರು. ಇಲ್ಲದಿದ್ದರೆ ಆಗ ಆ ಜಗಲಿಯ ಮೇಲೆ ಆಡುತ್ತಿದ್ದ ಮಕ್ಕಳು. ಹಿತ್ತಲಲ್ಲಿ ಇದ್ದವರನ್ನು ಕೇಳಿ. ಅದೇ ಮನೆ, ಅದೇ ವರ್ಷ, ಕತೆ ಮಾತ್ರ ಬೇರೆ.

ನಾನು ಮಂಡ್ಯ ಕಡೆಯವನು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು, ಮುಗಿಯಲು ಎರಡು ದಶಕ ಹಿಡಿಯಿತು. ಆಮೇಲೆ ನಾಲೆಯಲ್ಲಿ ನೀರು ಬಂತು. 1930ರ ದಶಕದಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು. 1939ರಲ್ಲಿ ಮಂಡ್ಯವೇ ಒಂದು ಜಿಲ್ಲೆ ಆಯಿತು. ನಮ್ಮ ತಾತನ ಬಾಯಲ್ಲಿ ಈ ಕತೆ ಒಂದು ಜಾತ್ರೆಯ ಹಾಗೆ ಬರುತ್ತಿತ್ತು. ಬರಡು ಹೊಲ ಗದ್ದೆ ಆಯಿತು, ಕಬ್ಬು ಬಂತು, ಕೈಯಲ್ಲಿ ಕಾಸು ಓಡಾಡಿತು, ವಿಶ್ವೇಶ್ವರಯ್ಯನವರ ಫೋಟೋ ಗೋಡೆಗೆ ಬಂತು.

ಇದೇ ನಾಲೆಯ ಬಗ್ಗೆ ಅಜ್ಜಿಯನ್ನು ಕೇಳಿದರೆ ಮೊದಲು ಬರುತ್ತಿದ್ದದ್ದು ಚಳಿಜ್ವರ. ನೀರು ನಿಂತಲ್ಲಿ ಸೊಳ್ಳೆ, ಸೊಳ್ಳೆ ಇದ್ದಲ್ಲಿ ಮಲೇರಿಯಾ. ನಾಲೆ ಬಯಲಿನಲ್ಲಿ ಆ ದಿನಗಳಲ್ಲಿ ಅದು ದೊಡ್ಡ ಕಾಟ. ಎರಡನೆಯದು ನಾಟಿ. ಭತ್ತ ಬಂತು ಅಂದರೆ ನಾಟಿ ಬಂತು. ನಾಟಿ ಹೆಂಗಸರ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಕೆಸರಿನಲ್ಲಿ ಬಗ್ಗಿ ನಿಲ್ಲಬೇಕು. ರಾಗಿ ಹೊಲದಲ್ಲೇನು ಕೆಲಸ ಕಡಿಮೆ ಇತ್ತು ಅಂತಲ್ಲ. ಆದರೆ ಇಡೀ ದಿನ ಕಾಲು ನೀರಲ್ಲಿ ನೆನೆಯುತ್ತಿರಲಿಲ್ಲ ಅಂತ ಅಜ್ಜಿ ಹೇಳುತ್ತಿದ್ದರು. ಅಜ್ಜಿಗೆ ನಾಲೆ ಬೇಡವಾಗಿತ್ತಾ? ಖಂಡಿತ ಇಲ್ಲ. ಹಬ್ಬಕ್ಕೆ ಮಾತ್ರ ಇದ್ದ ಅನ್ನ ವಾರಕ್ಕೆ ನಾಲ್ಕು ದಿನ ಸಿಕ್ಕಿದ್ದು ಅವರಿಗೂ ಖುಷಿಯೇ. ಬರೀ ಖುಷಿಯನ್ನೇ ಹೇಳಿ ಮುಗಿಸುತ್ತಿರಲಿಲ್ಲ, ಅಷ್ಟೇ.

ಈಗ ರಾಗಿಗೆ ಬರೋಣ. ಇದರ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ರಾಗಿಯನ್ನು ಹಗೇವಿನಲ್ಲಿ ಇಡುತ್ತಿದ್ದರು. ಇಲ್ಲಿ ಕೂತಿರುವ ಚಿಕ್ಕವರಿಗೆ ಹೇಳಬೇಕು: ಹಗೇವು ಅಂದರೆ ನೆಲದೊಳಗೆ ತೋಡಿದ ಆಳದ ಗುಂಡಿ. ಬಾಯಿ ಚಿಕ್ಕದು, ಒಳಗೆ ಅಗಲ. ಗೋಡೆಗೆ ಹುಲ್ಲು ಕೊಟ್ಟು, ರಾಗಿ ತುಂಬಿ, ಬಾಯಿಗೆ ಕಲ್ಲು ಚಪ್ಪಡಿ ಇಟ್ಟು ಮಣ್ಣು ಮುಚ್ಚಿದರೆ ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ. ರಾಗಿಯ ಗುಣವೇ ಹಾಗೆ. ಬರಗಾಲ ಬಂದಾಗ ಊರು ಉಳಿಯುತ್ತಿದ್ದದ್ದು ಇದರಿಂದ. ತಾತಂದಿರು "ನಮ್ಮ ಮನೆಯಲ್ಲಿ ಎರಡು ಹಗೇವು ಇತ್ತು" ಅಂತ ಎದೆ ಉಬ್ಬಿಸಿ ಹೇಳುತ್ತಿದ್ದರು. ಸರಿ. ಆದರೆ ಹಗೇವು ತೆಗೆಯುವ ದಿನ ಒಳಗೆ ಇಳಿಯುತ್ತಿದ್ದವರು ಯಾರು? ಮುಚ್ಚಿಟ್ಟ ಗುಂಡಿಯಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ. ಬಾಯಿ ತೆಗೆದು ಗಾಳಿಯಾಡಲು ಬಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಇಳಿಯುವ ಹಾಗಿಲ್ಲ. ಆರದಿದ್ದರೆ ಮನೆಯ ಯಜಮಾನ ಇಳಿಯುತ್ತಿದ್ದನೇ? ಇಲ್ಲ, ಆಳು ಇಳಿಯುತ್ತಿದ್ದ.

ನಮ್ಮೂರಿನ ಒಬ್ಬ ಹಿರಿಯರನ್ನು ಕೆಲವು ವರ್ಷಗಳ ಹಿಂದೆ ಮಾತಾಡಿಸಿದೆ. ಚಿಕ್ಕ ವಯಸ್ಸಿನಲ್ಲಿ ಅವರು ಜೀತಕ್ಕಿದ್ದವರು. ಅವರ ಅಪ್ಪ ಹಗೇವಿಗೆ ಇಳಿಯುತ್ತಿದ್ದವರು. "ಅಪ್ಪ ಒಳಗೆ ಇಳಿದ್ರೆ ನಾನು ಮೇಲೆ ನಿಂತ್ಕಂಡು ಕೂಗ್ತಾನೇ ಇರ್ತಿದ್ದೆ ಸಾಮಿ, ಅಪ್ಪ ಓಗೊಡ್ತಾನೇ ಇರ್ಬೇಕಿತ್ತು" ಅಂದರು. ಅದೇ ಮನೆಯ ಹಬ್ಬದೂಟ ಅವರಿಗೂ ನೆನಪಿದೆ. ಎಷ್ಟು ಬಗೆ ಅಡಿಗೆ ಅಂತಲೂ ನೆನಪಿದೆ. ಊಟ ಹಿತ್ತಲಲ್ಲಿ, ನೀರು ಮೇಲಿನಿಂದ ಸುರಿದದ್ದು. ಜೀತ ಪದ್ಧತಿಯನ್ನು ಕಾನೂನು ನಿಲ್ಲಿಸಿದ್ದು 1976ರಲ್ಲಿ. ಅದು ಬಹಳ ಹಿಂದಿನ ಮಾತೇನಲ್ಲ. ಆಗ ಬದುಕಿದ್ದವರು ಈ ಸಭೆಯಲ್ಲೇ ಎಷ್ಟೋ ಜನ ಇದ್ದೀರಿ. ನಮ್ಮ ಕುಟುಂಬದ ಕತೆ ಹೇಳುವಾಗ ಇಂಥವರ ನೆನಪನ್ನು ಸೇರಿಸಿಕೊಳ್ಳುತ್ತೇವಾ? ನಮ್ಮ ಮನೆಯ ಚರಿತ್ರೆಯಲ್ಲಿ ಅವರೂ ಇದ್ದಾರೆ, ಅಲ್ವಾ?

ಹಗೇವಿನಿಂದ ತೆಗೆದ ರಾಗಿ ಬೀಸುವ ಕಲ್ಲಿಗೆ ಬರುತ್ತದೆ. ಕೋಳಿ ಕೂಗುವ ಮುಂಚೆ ಎದ್ದು ಇಬ್ಬರು ಹೆಂಗಸರು ಎದುರುಬದುರು ಕೂತು ಗೂಟ ಹಿಡಿಯಬೇಕು. ಮನೆಯಲ್ಲಿ ಹದಿನೈದು ಜನ ಇದ್ದರೆ ದಿನಾ ಎಷ್ಟು ಸೇರು ಬೀಸಬೇಕು, ಲೆಕ್ಕ ಹಾಕಿ. ನಮ್ಮ ಹಳೆಯ ಅಳತೆ ಚಟಾಕು, ಪಾವು, ಅಚ್ಚೇರು, ಸೇರು. ನಾಲ್ಕು ಪಾವಿಗೆ ಒಂದು ಸೇರು. ಹೊಲದಲ್ಲಿ ಗೇಯುವ ಒಬ್ಬ ಗಂಡಾಳಿನ ಮುದ್ದೆಯ ಗಾತ್ರ ನೋಡಿದವರಿಗೆ ಪಾವು ಎಷ್ಟು ಬೇಗ ಖಾಲಿ ಆಗುತ್ತದೆ ಅಂತ ಗೊತ್ತು. ಬೀಸುವಾಗ ಹೆಂಗಸರು ಪದ ಹೇಳುತ್ತಿದ್ದರು. ತವರಿನ ನೆನಪು, ಅತ್ತೆಯ ಕಾಟ, ರಾಗಿಕಲ್ಲನ್ನೇ ದೇವರೆಂದು ಹೊಗಳುವ ತ್ರಿಪದಿಗಳು. ಆ ಪದಗಳನ್ನು ನಮ್ಮ ಜಾನಪದ ವಿದ್ವಾಂಸರು ಊರೂರು ತಿರುಗಿ ಬರೆದುಕೊಂಡಿದ್ದಾರೆ, ಒಳ್ಳೆಯದಾಯಿತು.

ಆಮೇಲೆ ಊರಿಗೆ ಹಿಟ್ಟಿನ ಮಿಲ್ಲು ಬಂತು. ಮೊದಮೊದಲು ಡೀಸೆಲ್ ಇಂಜಿನ್ನು, ಆಮೇಲೆ ಕರೆಂಟು. ಮಿಲ್ಲಿನ ಹಿಟ್ಟು ಬಿಸಿಯಾಗುತ್ತದೆ, ಮುದ್ದೆಗೆ ರುಚಿ ಇಲ್ಲ ಅಂತ ಜಗಲಿಯಿಂದ ತಕರಾರು ಬಂತು. ಕಲ್ಲು ಮೂಲೆ ಸೇರಿತು, ಪದವೂ ನಿಂತಿತು. ಕಾಲೇಜಿನಲ್ಲಿ ಓದುತ್ತಿದ್ದಾಗ ನಾನು ಅಜ್ಜಿಯ ಹತ್ತಿರ ಹೋಗಿ, "ಮಿಲ್ಲು ಬಂದು ಎಂಥ ಪದಗಳೆಲ್ಲ ಹೋದವು ಅಜ್ಜಿ" ಅಂತ ದುಃಖ ತೋಡಿಕೊಂಡೆ. ಅಜ್ಜಿ ಎಲೆಯಡಿಕೆ ಅಗಿಯುತ್ತಾ ಹೇಳಿದರು: "ಪದ ಹೋದ್ರೆ ಹೋಗ್ಲಿ ಬುಡು ಮಗ, ರಟ್ಟೆ ಉಳ್ಕೊಂತಲ್ಲ."

ನೋಡಿ, ಪದ ಹೋಯಿತು ಅಂತ ಕೊರಗುವ ಹಕ್ಕು ನನಗೂ ಇದೆ. ಆದರೆ ಕಲ್ಲು ಎಳೆದವರಿಗೆ ಅದಕ್ಕಿಂತ ಮುಂಚೆ ಮಾತಾಡುವ ಹಕ್ಕಿದೆ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮಂಡ್ಯದ ವಿ.ಸಿ. ಫಾರಂ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಮಾಡಿದರು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್'. ಎಕರೆಗೆ ಬರುತ್ತಿದ್ದ ರಾಗಿ ಬಹಳ ಹೆಚ್ಚಿತು. ಬಡವರ ಮನೆಯಲ್ಲಿ ಎರಡು ಹೊತ್ತು ಮುದ್ದೆ ಕಾಣುವಂತಾಗಿದ್ದಕ್ಕೆ ಈ ಮನುಷ್ಯನ ಪಾಲು ದೊಡ್ಡದು. ಊರಿನ ಮುದುಕಿಯರು ರಾಗಿ ಹೆಚ್ಚಿದ ವರ್ಷಗಳನ್ನು ಮರೆತಿಲ್ಲ. ಆದರೆ ಲಕ್ಷ್ಮಣಯ್ಯನವರ ಹೆಸರು ಎಷ್ಟು ಜನರಿಗೆ ಗೊತ್ತು?

1965, 66ರ ಬರದ ಮಾತೂ ಹೀಗೆಯೇ. ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಿ ಅಂತ ದೇಶಕ್ಕೆ ಕರೆ ಕೊಟ್ಟರು. ಸೋಮವಾರ ರಾತ್ರಿ ಎಷ್ಟೋ ಮನೆಗಳಲ್ಲಿ ಒಲೆ ಹಚ್ಚಲಿಲ್ಲ, ಹೋಟೆಲುಗಳೂ ಮುಚ್ಚಿದವು. ನಮ್ಮ ತಾತ ಅದನ್ನು ದೇಶಸೇವೆ ಅಂತಲೇ ಹೇಳುತ್ತಿದ್ದರು, ಅದು ನಿಜವೂ ಹೌದು. ಪಕ್ಕದಲ್ಲಿದ್ದ ಅಜ್ಜಿ ಒಂದು ಸಲ ಮೆಲ್ಲಗೆ, "ನಾವು ಬುಟ್ಟಿದ್ದು ಬರೀ ಸೋಮವಾರನಾ?" ಅಂದರು. ಗಂಡಸರು, ಮಕ್ಕಳು, ಆಳುಗಳು, ನೆಂಟರು ಎಲ್ಲರೂ ಉಂಡ ಮೇಲೆ ತಪ್ಪಲೆಯಲ್ಲಿ ಉಳಿದದ್ದು ಹೆಂಗಸರಿಗೆ. ಉಳಿಯದಿದ್ದರೆ ಇಲ್ಲ. ಆ ವರ್ಷಗಳಲ್ಲಿ ರೇಷನ್ನಿನಲ್ಲಿ ಅಮೆರಿಕಾದ ಕೆಂಪು ಜೋಳ ಬಂತು. ಅದನ್ನು ತಿಂದವರು ಇವತ್ತಿಗೂ ಮುಖ ಕಿವುಚುತ್ತಾರೆ. ರೊಟ್ಟಿ ತಟ್ಟಿದರೆ ಒಡೆಯುತ್ತದೆ, ಮುದ್ದೆ ಕಟ್ಟಿದರೆ ನಿಲ್ಲುವುದಿಲ್ಲ. ಅದನ್ನು ತಿನ್ನುವ ಹಾಗೆ ಮಾಡಲು ಅಡಿಗೆಮನೆಯಲ್ಲಿ ಏನೇನು ಉಪಾಯ ನಡೆಯಿತು ಅನ್ನೋದು ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಒಂದಿಷ್ಟು ರಾಗಿ ಬೆರೆಸಿದರೆ ಮಾತು ಕೇಳುತ್ತದೆ ಅಂತ ನಮ್ಮ ದೊಡ್ಡಮ್ಮ ಹೇಳುತ್ತಿದ್ದರು.

ನಮ್ಮ ಅವ್ವನ ತಲೆಮಾರಿಗೆ ಬಂದರೆ ಕತೆ ಹೊಗೆ ಮತ್ತು ನೀರಿನದು. ಸೌದೆ ಒಲೆ, ಹೊಟ್ಟಿನ ಒಲೆ, ಸೀಮೆಎಣ್ಣೆ ಸ್ಟೌ, ಪೇಟೆಯಲ್ಲಾದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾದು ಸಿಕ್ಕ ಗ್ಯಾಸು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ವಿಜ್ಞಾನವನ್ನು ಹಳ್ಳಿಗೆ ಒಯ್ಯಲು 'ಅಸ್ತ್ರ' ಅನ್ನುವ ಕೇಂದ್ರ ಶುರು ಮಾಡಿದರು. ಅಲ್ಲಿನವರು ಕುಣಿಗಲ್ ತಾಲ್ಲೂಕಿನ ಉಂಗ್ರ, ಪುರ ಮೊದಲಾದ ಹಳ್ಳಿಗಳಲ್ಲಿ ಕೂತು ಒಂದು ವಿಚಿತ್ರ ಲೆಕ್ಕ ತೆಗೆದರು: ಯಾರು, ಯಾವ ಕೆಲಸಕ್ಕೆ, ಎಷ್ಟು ಹೊತ್ತು. ಸೌದೆ ತರುವುದು, ನೀರು ಹೊರುವುದು, ಬೇಯಿಸುವುದು ಎಲ್ಲ ಸೇರಿಸಿದಾಗ ಗಂಡಸರಿಗಿಂತ ಹೆಂಗಸರ ದುಡಿಮೆಯೇ ಜಾಸ್ತಿ ಅಂತ ಕಂಡಿತು. ಇದು ಅಡಿಗೆಮನೆಯಲ್ಲಿ ಯಾರಿಗೆ ಗೊತ್ತಿರಲಿಲ್ಲ? ಆದರೆ ಕಾಗದದ ಮೇಲೆ ಬಂದಾಗ ಜಗಲಿಯೂ ಒಪ್ಪಬೇಕಾಯಿತು. ಅವರು ಮಾಡಿದ ಹೊಗೆ ಕಡಿಮೆಯ 'ಅಸ್ತ್ರ ಒಲೆ' ನಮ್ಮ ಊರಿಗೂ ಬಂತು. ನೀರಿನ ಕತೆಯನ್ನು ಒಂದೇ ಮಾತಲ್ಲಿ ಹೇಳುತ್ತೇನೆ: ಊರ ಮುಂದೆ ಬೋರಿಂಗು ಬಂದಾಗ ಗಂಡಸರು ಅದರ ಫೋಟೋ ತೆಗೆಸಿಕೊಂಡರು, ಹೆಂಗಸರು ಅರ್ಧ ಗಂಟೆ ಜಾಸ್ತಿ ಮಲಗಿದರು.

ರೇಡಿಯೋ ಬಗ್ಗೆ ಹೇಳದಿದ್ದರೆ ನೀವು ಬಿಡುವುದಿಲ್ಲ. ಮೈಸೂರಿನ ಮಹಾರಾಜ ಕಾಲೇಜಿನ ಪ್ರೊಫೆಸರ್ ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿ ಶುರು ಮಾಡಿದ್ದು ನಿಮಗೆ ಗೊತ್ತಿರುವ ಸಂಗತಿ. ಹಳ್ಳಿಯ ಮನೆಗೆ ಅದು ಬಂದದ್ದು ಎಷ್ಟೋ ತಡವಾಗಿ, ಟ್ರಾನ್ಸಿಸ್ಟರ್ ಆಗಿ. ಅದಕ್ಕೆ ಪೋಸ್ಟಾಫೀಸಿನಲ್ಲಿ ವರ್ಷ ವರ್ಷ ಲೈಸೆನ್ಸು ಕಟ್ಟಬೇಕಿತ್ತು. ಶೆಲ್ಲು ವೀಕಾದರೆ ಬಿಸಿಲಿಗೆ ಇಡುತ್ತಿದ್ದರು. ರೇಡಿಯೋ ಇರುತ್ತಿದ್ದದ್ದು ಜಗಲಿಯಲ್ಲಿ. ಚಿತ್ರಗೀತೆ ಬಂದಾಗ ಒಳಗಿನಿಂದ "ಸ್ವಲ್ಪ ಜೋರಾಗಿ ಇಡು" ಅಂತ ಕೂಗು ಬರುತ್ತಿತ್ತು. ಟಿವಿಯ ಕತೆ ಎಲ್ಲರೂ ಹೇಳಿದ್ದಾರೆ, ಬಿಡೋಣ.

ದುಡ್ಡಿನ ಮಾತು ಮಾತ್ರ ಬಿಡುವ ಹಾಗಿಲ್ಲ. 1957ರ ಏಪ್ರಿಲ್‌ನಲ್ಲಿ ಆಣೆ ಹೋಗಿ ನಯಾಪೈಸೆ ಬಂತು. ಹದಿನಾರು ಆಣೆಯ ರೂಪಾಯಿ ನೂರು ಪೈಸೆಯದಾಯಿತು. ಒಂದು ಆಣೆಗೆ ಆರು ಪೈಸೆಯೂ ಚೂರು. ಆ ಚೂರಿನಲ್ಲಿ ಅಂಗಡಿಯವನು ಎಷ್ಟು ಹೊಡೆದ ಅನ್ನೋದು ಅಜ್ಜಿಯ ಜೀವಮಾನದ ತಕರಾರು. ಕಾರಣ, ಅವರದ್ದೇ ಒಂದು ಗುಟ್ಟಿನ ಖಜಾನೆ ಇತ್ತು. ಮೊಟ್ಟೆ, ಮಜ್ಜಿಗೆ, ಬೆರಣಿ ಮಾರಿದ ಕಾಸು ಸಾಸಿವೆ ಡಬ್ಬದಲ್ಲಿ. ಮನೆಯ ಲೆಕ್ಕದ ಪುಸ್ತಕಕ್ಕೆ ಅದು ಬರಲೇ ಇಲ್ಲ. ಎಷ್ಟೋ ಮಕ್ಕಳ ಸ್ಕೂಲು ಫೀಸು ಅದರಿಂದ ಹೋಗಿದೆ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ನಡೆಯುವುದಿಲ್ಲ ಅಂದಾಗ, ಮಾರನೇ ಬೆಳಿಗ್ಗೆ ನಮ್ಮ ಅವ್ವ ಸೀರೆ ಮಡಿಕೆಯಿಂದ ನೋಟುಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಮುಖದಲ್ಲಿ ಸಿಕ್ಕಿಬಿದ್ದ ಕಳೆ. ಅಪ್ಪ ಬಾಯಿ ತೆರೆದು ನೋಡುತ್ತಿದ್ದರು. ಆ ವಾರ ನಮ್ಮ ಬೀದಿಯ ಎಷ್ಟು ಮನೆಗಳಲ್ಲಿ ಇದೇ ನಾಟಕ ನಡೆಯಿತೋ! ಆ ದುಡ್ಡು ಬ್ಯಾಂಕಿಗೆ ಹೋಯಿತು, ಎಲ್ಲರಿಗೂ ಗೊತ್ತಾಯಿತು, ಗುಟ್ಟು ಗುಟ್ಟಾಗಿ ಉಳಿಯಲಿಲ್ಲ. ಅವ್ವನಿಗೆ ಆ ಸಿಟ್ಟು ಇನ್ನೂ ಇಳಿದಿಲ್ಲ.

ಎಂ. ಎನ್. ಶ್ರೀನಿವಾಸ್ ಅವರನ್ನು ಇಲ್ಲಿ ನೆನೆಯಬೇಕು. ನಮ್ಮ ದೊಡ್ಡ ಸಮಾಜಶಾಸ್ತ್ರಜ್ಞರು. 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು, ಕಂಡದ್ದನ್ನೆಲ್ಲ ಬರೆದಿಟ್ಟುಕೊಂಡರು. 1970ರಲ್ಲಿ ಅವರು ಅಮೆರಿಕಾದ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ ಯಾರೋ ಹಚ್ಚಿದ ಬೆಂಕಿಯಲ್ಲಿ, ಆ ಟಿಪ್ಪಣಿಗಳನ್ನು ವರ್ಷಗಟ್ಟಲೆ ವಿಂಗಡಿಸಿ ಸಿದ್ಧಮಾಡಿದ್ದ ಪ್ರತಿಗಳು ಸುಟ್ಟುಹೋದವು. ಆಮೇಲೆ ಅವರು ಹೆಚ್ಚಾಗಿ ನೆನಪಿನಿಂದಲೇ ಆ ಹಳ್ಳಿಯ ಬಗ್ಗೆ ಬರೆದರು. ನನಗೆ ಅವರಲ್ಲಿ ಇಷ್ಟವಾಗುವುದು ಇನ್ನೊಂದು ಗುಣ. ತಾನು ಪಟೇಲರ ಆಶ್ರಯದಲ್ಲಿ ಇದ್ದವನು, ಜಮೀನಿದ್ದ ಮೇಲುಜಾತಿ ಗಂಡಸರ ಕಡೆಯಿಂದಲೇ ಹೆಚ್ಚಾಗಿ ಊರನ್ನು ಕಂಡವನು ಅಂತ ಅವರೇ ಬಿಚ್ಚಿ ಹೇಳಿದರು. ಅಂಥ ವಿದ್ವಾಂಸರೇ ತಾನು ಎಲ್ಲಿ ಕೂತು ನೋಡಿದೆ ಅಂತ ಹೇಳಿದ ಮೇಲೆ, ನಾವು ನೀವು ಹೇಳಲು ಸಂಕೋಚ ಯಾಕೆ?

ನಿಮ್ಮಲ್ಲಿ ಕೆಲವರು ಮನೆಯ ಹಿರಿಯರ ನೆನಪು ಬರೆಯಬೇಕು ಅಂತಿದ್ದೀರಿ ಎಂದು ಕೇಳಿದೆ. ಎರಡು ಕೆಲಸ ಮಾಡಿ. ಒಂದು, ಹಳೆಯ ಪಾಲುಪಟ್ಟಿ ಹುಡುಕಿ. ಅಣ್ಣತಮ್ಮಂದಿರು ಬೇರೆಯಾದಾಗ ಬರೆಸಿದ್ದು. ಅದರಲ್ಲಿ ಹಂಡೆ ಎಷ್ಟು, ಕಡಾಯಿ ಎಷ್ಟು, ಎತ್ತು ಯಾರಿಗೆ, ಬಾವಿಯ ನೀರು ಯಾವ ದಿನ ಯಾರಿಗೆ, ಎಲ್ಲ ಇರುತ್ತದೆ. ಹೆಣ್ಣುಮಕ್ಕಳ ಹೆಸರು ಮಾತ್ರ ಹೆಚ್ಚಾಗಿ ಇರುವುದಿಲ್ಲ. ಕರ್ನಾಟಕದಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಕಾನೂನು ಜಾರಿಗೆ ಬಂದದ್ದೇ 1994ರಲ್ಲಿ. ಆದರೆ ಅದೇ ಪಟ್ಟಿಯ ಹಿತ್ತಾಳೆ ಪಾತ್ರೆಗಳು ಮನೆಯಲ್ಲಿ ಉಳಿದಿದ್ದರೆ ತಿರುಗಿಸಿ ನೋಡಿ, ಅಂಚಿನಲ್ಲಿ ಹೆಸರು ಕೊರೆಸಿರುತ್ತಾರೆ. ತವರಿನವರು ಕೊಟ್ಟದ್ದು. ಕಾಗದದಲ್ಲಿ ಇಲ್ಲದ ಅಜ್ಜಿಯಂದಿರ ಹೆಸರು ಅಲ್ಲಿ ಸಿಗುತ್ತದೆ, ಕೆಲವು ಸಲ ಊರು ಕೂಡ.

ಎರಡು, ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಮೊಬೈಲ್ ಮುಂದೆ ಹಿಡಿದು "ಆ ಕಾಲದ ಬಗ್ಗೆ ಹೇಳಿ" ಅನ್ನಬೇಡಿ. ಹಾಗೆ ಕೇಳಿದರೆ ಅವರೂ ಭಾಷಣ ಮಾಡುತ್ತಾರೆ. ಅವರೆಕಾಯಿ ಕಾಲದಲ್ಲಿ ಹೋಗಿ. ಕಾಯಿ ಸುಲಿಯುತ್ತಾ ಜೊತೆಗೆ ಕೂರಿ, ಮೊಬೈಲನ್ನು ಪಕ್ಕದಲ್ಲಿ ಸುಮ್ನೆ ಇಟ್ಟಿರಿ. ರೆಕಾರ್ಡ್ ಮಾಡ್ತಿದ್ದೀನಿ ಅಂತ ಹೇಳಿಯೇ ಇಡಿ, ಕದ್ದು ಬೇಡ. ಸಣ್ಣ ಪ್ರಶ್ನೆ ಕೇಳಿ. ಮೊದಲು ಏಳುತ್ತಿದ್ದವರು ಯಾರು? ಬಸುರಿಯಿದ್ದಾಗ ಯಾವ ಕೆಲಸ ಬಿಡುತ್ತಿದ್ದರು? ಜ್ವರ ಬಂದರೆ ಎಲ್ಲಿ ಮಲಗುತ್ತಿದ್ದಿರಿ? ಮುಟ್ಟಾದಾಗ ಎಲ್ಲಿ ಕೂರಿಸುತ್ತಿದ್ದರು? ಹಿತ್ತಲಿಗೆ ಬರುತ್ತಿದ್ದವರು ಯಾರ್ಯಾರು, ಅವರ ಮಕ್ಕಳು ಈಗ ಎಲ್ಲಿದ್ದಾರೆ? ಉತ್ತರ ಬಾರದಿದ್ದರೆ ಒತ್ತಾಯ ಬೇಡ. ಕೆಲವನ್ನು ಅವರು ಮರೆತಿರುವುದಿಲ್ಲ, ಹೇಳಬಾರದು ಅಂತ ಇರುತ್ತಾರೆ. ಅದೂ ಅವರ ಇಷ್ಟ.

ನನ್ನ ಮಾತು ಇಷ್ಟು. ಈಗ ನೀವು ಕೇಳಬಹುದು, ಜಗಳವನ್ನೂ ಆಡಬಹುದು. ಸಂಘಟಕರಲ್ಲಿ ಒಂದು ಬೇಡಿಕೆ: ಮೈಕನ್ನು ಮೊದಲು ಹಿಂದಿನ ಸಾಲಿನ ಅಮ್ಮಂದಿರಿಗೆ ಕೊಡಿ. ಆಗಿನಿಂದ ಅಲ್ಲೊಬ್ಬರು ತಲೆ ಅಲ್ಲಾಡಿಸುತ್ತಲೇ ಇದ್ದಾರೆ, ಒಪ್ಪಿಯೋ ಒಪ್ಪದೆಯೋ ನನಗೆ ಗೊತ್ತಾಗುತ್ತಿಲ್ಲ.